ಪಿತ್ತಕೋಶ ತೆಗೆಸುವ ಮುಂಚೆ ಒಂದು ರಕ್ತ ಪರೀಕ್ಷೆ ಕೇಳಿ

ನಮಸ್ಕಾರ. ಇವತ್ತು ನಮ್ಮಕ್ಕನ ಹೊಟ್ಟೆನೋವಿನ ಕಥೆ ಹೇಳುತ್ತೇನೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. "ಇನ್ನೊಬ್ಬರಿಗಾದರೂ ಉಪಯೋಗ ಆಗಲಿ, ಹೇಳು" ಅಂದಳು.

ಊಟ ಆಗಿ ಅರ್ಧ ಗಂಟೆ ಆಗಿರುತ್ತಿತ್ತು, ಅಷ್ಟೇ. ಮಾತಾಡುತ್ತಾ ಕೂತವಳು ಸುಮ್ನಾಗಿಬಿಡುತ್ತಿದ್ದಳು. ಬಲಗಡೆ ಪಕ್ಕೆಲುಬಿನ ಕೆಳಗೆ ಅಂಗೈ ಒತ್ತಿ ಹಿಡಿದು ಗೋಡೆಗೆ ಒರಗುತ್ತಿದ್ದಳು. ನೋವು ಅಲ್ಲಿಂದ ಬೆನ್ನಿಗೆ ಹೋಗಿ, ಬಲ ಭುಜದ ಹಿಂದೆ ಬಂದು ಕೂರುತ್ತದೆ ಅನ್ನುತ್ತಿದ್ದಳು. ಊರಿಗೆ ಬಂದಾಗ ಅಮ್ಮ "ಪಿತ್ತ ಜಾಸ್ತಿ ಆಗೈತೆ ಕಣೆ" ಅಂತ ಜೀರಿಗೆ ಕಷಾಯ ಕಾಯಿಸಿ ಕೊಡುತ್ತಿದ್ದರು. ಭಾವ ಗ್ಯಾಸ್ ಇರಬೇಕು ಅಂತ ಸೋಡಾ ತರುತ್ತಿದ್ದರು. ತಲೆ ಸುತ್ತಿದರೂ ಪಿತ್ತ, ವಾಂತಿ ಬಂದರೂ ಪಿತ್ತ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರಿತು ಅನ್ನುವ ಜನ ನಾವು. ಹಾಗಾಗಿ ನಿಜವಾದ ಪಿತ್ತಕೋಶದ ನೋವು ಬಂದಾಗಲೂ ಅದು ಆ ಮಾತಿನಲ್ಲೇ ಕಳೆದುಹೋಗುತ್ತದೆ.

ನಮ್ಮದು ದಾವಣಗೆರೆ. ಮದುವೆಯಾದ ಮೇಲೆ ಅಕ್ಕ ದೆಹಲಿಗೆ ಹೋದಳು. ಈಗ 18 ವರ್ಷ ಆಯಿತು. ಅಲ್ಲಿ ಎರಡು ಹೊತ್ತು ಚಪಾತಿ, ಟೀ ಜೊತೆ ರಸ್ಕ್, ಭಾನುವಾರ ಪರಾಠ. ಈ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಕಲ್ಲು ಇರಲಿಲ್ಲ. ಪಿತ್ತಕೋಶ ಸ್ವಲ್ಪ ಹಿಗ್ಗಿದೆ, ಒಳಗೆ ಕೆಸರಿನ ತರಹದ ಸ್ಲಡ್ಜ್ ಇದೆ ಅಂತ ಬರೆದಿದ್ದರು. ಜಿಡ್ಡಿರುವ ಊಟ ಕೊಟ್ಟು ಮತ್ತೆ ನೋಡಿದಾಗ ಅದು ಸರಿಯಾಗಿ ಕುಗ್ಗಿರಲಿಲ್ಲ. "ಕೆಲಸ ಮಾಡುತ್ತಿಲ್ಲ, ತೆಗೆಸಿಬಿಡಿ" ಅಂದರು. ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಮಾಡಿ ತೆಗೆದೂ ಆಯಿತು. ಮೂರು ತಿಂಗಳು ಚೆನ್ನಾಗಿದ್ದಳು. ಆಮೇಲೆ ಅದೇ ನೋವು, ಅದೇ ಉಬ್ಬರ, ಜೊತೆಗೆ ಬೆಳಗ್ಗೆ ಎದ್ದರೆ ಭೇದಿ.

ಯಾಕೆ ಕುಗ್ಗುತ್ತಿಲ್ಲ ಅಂತ ಮಾತ್ರ ಯಾರೂ ಕೇಳಲಿಲ್ಲ. ನನ್ನ ತಕರಾರು ಇದೊಂದೇ.

ಈ ಪಿತ್ತಕೋಶ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಯಕೃತ್ತು, ಅಂದರೆ ಲಿವರ್, ದಿನಕ್ಕೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತದೆ. ಅದರ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲವೇ ಪಿತ್ತಕೋಶ. 30ರಿಂದ 50 ಮಿಲಿಲೀಟರ್ ಹಿಡಿಯಬಹುದು ಅಷ್ಟೇ. ಪಿತ್ತರಸವನ್ನು ಗಟ್ಟಿ ಮಾಡಿ ಇಟ್ಟುಕೊಂಡು, ನಾವು ತುಪ್ಪ, ಎಣ್ಣೆ ತಿಂದಾಗ ಹಿಂಡಿ ಕರುಳಿಗೆ ಬಿಡುವುದು ಅದರ ಕೆಲಸ. ಆದರೆ ನಾವು ಯಾವಾಗ ಊಟ ಮಾಡಿದೆವು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಸಣ್ಣ ಕರುಳಿನ ಮೊದಲ ಭಾಗದ ಗೋಡೆಯಲ್ಲಿ ಕೆಲವು ಜೀವಕೋಶಗಳಿವೆ. ಜಿಡ್ಡು ಬಂದು ತಾಗಿದ ಕೂಡಲೇ ಅವು ಕೊಲೆಸಿಸ್ಟೊಕೈನಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. 1928ರಲ್ಲೇ ಇದನ್ನು ಕಂಡುಹಿಡಿದಿದ್ದರು. ಹೆಸರಿನ ಅರ್ಥವೇ ಪಿತ್ತದ ಚೀಲವನ್ನು ಅಲುಗಾಡಿಸುವುದು ಅಂತ. ಈ ಹಾರ್ಮೋನು ಹೋಗಿ ಹೇಳಿದರೆ ಪಿತ್ತಕೋಶ ಹಿಂಡುತ್ತದೆ. ಹೇಳದಿದ್ದರೆ ತುಂಬಿಕೊಂಡು ಸುಮ್ನೆ ಕೂತಿರುತ್ತದೆ.

ಈ ಹಾರ್ಮೋನಿಗೇ ಅಡ್ಡ ಬರುವ ಒಂದು ಕರುಳಿನ ಕಾಯಿಲೆ ಇದೆ, ಸೀಲಿಯಾಕ್ ಅಂತ. ಈಗ ಅದಕ್ಕೆ ಬರೋಣ. ಹೋಳಿಗೆಗೆ ಕಣಕ ನಾದಿ, ಎಣ್ಣೆಯಲ್ಲಿ ನೆನೆಸಿಟ್ಟು, ಬೆರಳಲ್ಲಿ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದಲ್ವಾ? ಹಾಗೆ ಹಿಗ್ಗಿಸುವ ಪದಾರ್ಥವೇ ಗ್ಲುಟೆನ್. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳ ಪ್ರೋಟೀನ್ ಅದು. ಸೀಲಿಯಾಕ್ ಇರುವವರಲ್ಲಿ ಈ ಗ್ಲುಟೆನ್ ಒಳಗೆ ಹೋದರೆ, ದೇಹದ ರೋಗನಿರೋಧಕ ಶಕ್ತಿ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಗೋಡೆ ಟವೆಲಿನ ಮೇಲ್ಮೈ ಇದ್ದ ಹಾಗೆ ಎಳೆ ಎಳೆಯಾಗಿರುತ್ತದೆ. ಆ ಎಳೆಗಳು ಸವೆದು ಗೋಡೆ ಬೋಳಾಗುತ್ತದೆ. ಹೆಚ್ಚು ಪೆಟ್ಟು ಬೀಳುವುದು ಎಲ್ಲಿಗೆ ಗೊತ್ತಾ? ಸಣ್ಣ ಕರುಳಿನ ಮೊದಲ ಭಾಗಕ್ಕೆ. ಆ ಹಾರ್ಮೋನು ಹುಟ್ಟುವುದೂ ಅಲ್ಲೇ.

ಇದು ನಾನು ಊಹಿಸಿ ಹೇಳುತ್ತಿರುವ ಮಾತಲ್ಲ. ಚಿಕಿತ್ಸೆ ಸಿಗದ ಸೀಲಿಯಾಕ್ ರೋಗಿಗಳಲ್ಲಿ ಊಟದ ನಂತರ ಈ ಹಾರ್ಮೋನು ಸರಿಯಾಗಿ ಬರುವುದಿಲ್ಲ, ಪಿತ್ತಕೋಶ ನಿಧಾನವಾಗಿ ಖಾಲಿಯಾಗುತ್ತದೆ ಅಂತ 1975ರಲ್ಲೇ ವೈದ್ಯರು ಬರೆದಿದ್ದಾರೆ. 1985ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗ್ಲುಟೆನ್ ಬಿಟ್ಟವರಲ್ಲಿ ಹಾರ್ಮೋನು ಮತ್ತೆ ಬಂತು, ಪಿತ್ತಕೋಶ ಮತ್ತೆ ಹಿಂಡತೊಡಗಿತು. ನಲವತ್ತು ವರ್ಷದ ಹಿಂದಿನ ಮಾತು ಇದು! ಅಕ್ಕನ ಫೈಲ್ ಹಿಡಿದುಕೊಂಡು ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಿತ್ತಕೋಶದ ನೋವು ಬಂದವರಿಗೆಲ್ಲ ಸೀಲಿಯಾಕ್ ಇರುವುದಿಲ್ಲ. ಹೆಚ್ಚಿನವರಿಗೆ ಕಲ್ಲೇ ಕಾರಣ. ಕಲ್ಲಿದ್ದು ನೋವು ಪದೇ ಪದೇ ಬರುತ್ತಿದ್ದರೆ ಆಪರೇಷನ್ ಸರಿಯಾದ ದಾರಿ, ಅದನ್ನು ಮುಂದೂಡಬೇಡಿ. ಸೀಲಿಯಾಕ್‌ನಿಂದಲೇ ಕಲ್ಲು ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆಧಾರ ಇರುವುದು ಪಿತ್ತಕೋಶ ಮಂದವಾಗುವುದಕ್ಕೆ. ಇನ್ನು ನೋವಿನ ಜೊತೆ ಜ್ವರ ಚಳಿ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ನೋವು ಗಂಟೆಗಟ್ಟಲೆ ಇಳಿಯದಿದ್ದರೆ ವಿಡಿಯೋ ನೋಡುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, ರಾತ್ರಿ ಎಷ್ಟೇ ಹೊತ್ತಾಗಿರಲಿ.

ಆದರೆ ಕಲ್ಲು ಇಲ್ಲ ಅಂದಾಗ? ಅಥವಾ ಕಲ್ಲಿತ್ತು, ತೆಗೆಸಿದಿರಿ, ನೋವು ಹಾಗೇ ಉಳಿಯಿತು ಅಂದಾಗ? ಅಂಥವರು ಕಡಿಮೆ ಏನಿಲ್ಲ. ನೆದರ್ಲೆಂಡ್ಸ್‌ನಲ್ಲಿ ಪಿತ್ತಕೋಶದ ಕಲ್ಲು ಮತ್ತು ಹೊಟ್ಟೆನೋವು ಇದ್ದ ಸಾವಿರಕ್ಕೂ ಜಾಸ್ತಿ ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನಂತೆ ಆಪರೇಷನ್ ನಿರ್ಧಾರ, ಇನ್ನೊಂದು ಗುಂಪಿಗೆ ಲಕ್ಷಣಗಳನ್ನು ಜರಡಿ ಹಿಡಿದು ಆಮೇಲೆ ನಿರ್ಧಾರ. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ನೋವಿಲ್ಲದವರು ನೂರಕ್ಕೆ 60ರ ಆಸುಪಾಸು. ಉಳಿದ ನಲವತ್ತು ಜನರಿಗೆ ನೋವು ಉಳಿದೇ ಇತ್ತು. ಅವರಿಗೆಲ್ಲ ಸೀಲಿಯಾಕ್ ಅಂತ ನಾನು ಹೇಳುತ್ತಿಲ್ಲ. ಬಲಪಕ್ಕೆ ನೋವಿಗೆ ಬೇರೆ ಕಾರಣಗಳೂ ಇರುತ್ತವೆ, ಹುಡುಕಬೇಕು ಅನ್ನುತ್ತಿದ್ದೇನೆ.

ಅಕ್ಕನ ವಿಷಯದಲ್ಲಿ ಸುಳಿವು ಸಿಕ್ಕಿದ್ದು ರಕ್ತಹೀನತೆಯಿಂದ. ಹಿಮೋಗ್ಲೋಬಿನ್ 8 ದಾಟುತ್ತಿರಲಿಲ್ಲ. ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ಏರಲಿಲ್ಲ. ಕಬ್ಬಿಣಾಂಶವನ್ನು ಹೀರುವುದೂ ಕರುಳಿನ ಅದೇ ಭಾಗ ನೋಡಿ. ಕೊನೆಗೆ ಒಬ್ಬ ಡಾಕ್ಟರಮ್ಮ ಸಿಕ್ಕರು. ಹಳೆಯ ಸ್ಕ್ಯಾನ್ ಎಲ್ಲ ಪಕ್ಕಕ್ಕಿಟ್ಟು, "ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂತೀರಾ, ಹೇಳಿ" ಅಂದರು. ಒಂದು ಚೀಟಿಯಲ್ಲಿ ಟಿಟಿಜಿ ಐಜಿಎ ಅಂತ ಬರೆದುಕೊಟ್ಟರು. ಸೀಲಿಯಾಕ್ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆ ಅದು. ರಿಪೋರ್ಟ್ ಬಂದಾಗ ಮಾಮೂಲಿ ಮಿತಿಗಿಂತ ಹತ್ತು ಪಟ್ಟು ಮೇಲಿತ್ತು.

ನಮ್ಮಲ್ಲಿ ಈ ಕಾಯಿಲೆ ಇಲ್ಲ ಅನ್ನುವ ನಂಬಿಕೆ ಇದೆ. ಅರ್ಧ ನಿಜ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದ್ದರು. ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು, ಅಂದರೆ ಆ ಟಿಟಿಜಿ ತರಹದ ಪರೀಕ್ಷೆ ರಕ್ತದಲ್ಲಿ ಹುಡುಕುವ ಆಂಟಿಬಾಡಿಗಳು, ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ, ದಕ್ಷಿಣದಲ್ಲಿ 0.10 ಜನರಲ್ಲಿ ಸಿಕ್ಕವು. ಅಂದರೆ ಹನ್ನೆರಡು ಪಟ್ಟು ವ್ಯತ್ಯಾಸ. ಆದರೆ ಕಾಯಿಲೆಗೆ ಬೇಕಾದ ಜೀನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು, ಮೂರು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಬೇರೆ ಇದ್ದದ್ದು ತಟ್ಟೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ.

ಜೀನ್ ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಕೆಲವರಿಗೆ ಮಾತ್ರ. ಆದರೂ ಯೋಚಿಸಿ. ನಮ್ಮಜ್ಜಿ ತಿಂದದ್ದು ರಾಗಿ, ಜೋಳ, ಅಕ್ಕಿ, ನವಣೆ. ಗೋಧಿ ಬರುತ್ತಿದ್ದದ್ದು ಹಬ್ಬಕ್ಕೆ, ಹುಗ್ಗಿಗೆ, ಹೋಳಿಗೆಗೆ. ಈಗ ಬೆಂಗಳೂರಿನ ಮನೆಗಳಲ್ಲಿ ಬೆಳಗ್ಗೆ ಬ್ರೆಡ್ಡೋ ಉಪ್ಪಿಟ್ಟೋ, ಮಧ್ಯಾಹ್ನ ಡಬ್ಬಿಗೆ ಚಪಾತಿ, ಸಂಜೆ ಬಿಸ್ಕೆಟ್, ಸಕ್ಕರೆ ಕಾಯಿಲೆ ಅಂತ ರಾತ್ರಿಯೂ ಚಪಾತಿ. ಅಕ್ಕನ ದೆಹಲಿ ತಟ್ಟೆ ಈಗ ಇಲ್ಲಿಗೇ ಬಂದಿದೆ. ಡಾಕ್ಟರ್ ತಲೆಯಲ್ಲೂ ರೋಗಿಯ ತಲೆಯಲ್ಲೂ "ಇದು ಉತ್ತರದವರ ಕಾಯಿಲೆ" ಅನ್ನುವುದು ಹಾಗೇ ಉಳಿದರೆ, ಇಲ್ಲಿ ಆ ಪರೀಕ್ಷೆ ಬರೆಯುವವರೇ ಇರುವುದಿಲ್ಲ.

ಹಾಗಾದರೆ ನೀವು ಏನು ಕೇಳಬೇಕು? ಸ್ಕ್ಯಾನ್‌ನಲ್ಲಿ ಕಲ್ಲಿಲ್ಲ, ಪಿತ್ತಕೋಶ ಮಂದವಾಗಿದೆ, ತೆಗೆಯಿರಿ ಅಂದಾಗ, "ಸಾರ್, ಮೊದಲು ಟಿಟಿಜಿ ಐಜಿಎ ಮತ್ತು ಟೋಟಲ್ ಐಜಿಎ ಮಾಡಿಸೋಣ್ವಾ?" ಅಂತ ಕೇಳಿ. ಎರಡನ್ನೂ ಕೇಳಿ. ಐಜಿಎ ಅಂದರೆ ಒಂದು ಬಗೆಯ ಪ್ರತಿಕಾಯ, ಕೆಲವರ ದೇಹದಲ್ಲಿ ಅದು ಹುಟ್ಟಿನಿಂದಲೇ ಕಮ್ಮಿ ಇರುತ್ತದೆ. ಅಂಥವರಿಗೆ ಮೊದಲನೇ ಪರೀಕ್ಷೆ ಮಾತ್ರ ಮಾಡಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರುತ್ತದೆ. ಹೊಟ್ಟೆನೋವಿಗೆ ಎಂಡೋಸ್ಕೋಪಿ ಹೇಗೂ ಮಾಡುತ್ತಿದ್ದರೆ, ಸಣ್ಣ ಕರುಳಿನಿಂದ ಬಯಾಪ್ಸಿಗೆ ಚೂರು ತೆಗೆಯುತ್ತೀರಾ ಅಂತ ಮುಂಚೆಯೇ ಕೇಳಿ. ಅಕ್ಕನಿಗೆ ಮೊದಲ ಸಲ ಎಂಡೋಸ್ಕೋಪಿ ಆದಾಗ ನಳಿಗೆ ಆ ಜಾಗದವರೆಗೂ ಹೋಗಿತ್ತು. ಬಯಾಪ್ಸಿ ಮಾತ್ರ ಮಾಡಿರಲಿಲ್ಲ. ಕಣ್ಣಿಗೆ ಚೆನ್ನಾಗಿ ಕಂಡ ಗೋಡೆಯಲ್ಲೂ ಸವೆತ ಇರಬಹುದು, ಅದು ಗೊತ್ತಾಗುವುದು ಮೈಕ್ರೋಸ್ಕೋಪಿನ ಕೆಳಗೆ.

ದಯವಿಟ್ಟು ಇದನ್ನು ಕೇಳಿಕೊಂಡು ನಾಳೆಯಿಂದಲೇ ಗೋಧಿ ಬಿಡಬೇಡಿ. ಕೈಮುಗಿದು ಕೇಳುತ್ತೇನೆ. ಗೋಧಿ ಬಿಟ್ಟರೆ ರಕ್ತದಲ್ಲಿ ಪ್ರತಿಕಾಯ ಇಳಿಯುತ್ತದೆ, ಕರುಳೂ ಗುಣವಾಗತೊಡಗುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಆಮೇಲೆ ಖಚಿತ ಮಾಡಿಕೊಳ್ಳಲು ಮತ್ತೆ ವಾರಗಟ್ಟಲೆ ಗೋಧಿ ತಿಂದು, ಆ ನೋವನ್ನೆಲ್ಲ ಮತ್ತೆ ಅನುಭವಿಸಬೇಕಾಗುತ್ತದೆ. ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಈ ಪಥ್ಯ ಜೀವನಪೂರ್ತಿ ಮಾಡುವಂಥದ್ದು. ಖಚಿತವಾಗದೆ ಅಷ್ಟು ದೊಡ್ಡ ವ್ರತ ಹಿಡಿಯಬಾರದು.

ವ್ರತ ಅಂತ ಸುಮ್ನೆ ಹೇಳಲಿಲ್ಲ. ಅಕ್ಕ ಚಪಾತಿ, ರವೆ, ಮೈದಾ, ಶಾವಿಗೆ ಎಲ್ಲ ಬಿಟ್ಟಳು. ದಾವಣಗೆರೆ ಹುಡುಗಿಗೆ ಬೆಣ್ಣೆದೋಸೆ, ಮಂಡಕ್ಕಿ, ಜೋಳದ ರೊಟ್ಟಿ ಉಳಿದವಲ್ಲ, ಅಷ್ಟು ಸಮಾಧಾನ. ಆದರೂ ಮೂರು ತಿಂಗಳಾದ ಮೇಲೂ ಆಗಾಗ ಉಬ್ಬರ ಬರುತ್ತಿತ್ತು. ಒಂದು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒಂದೊಂದೇ ಲೇಬಲ್ ಓದುತ್ತಾ ಕೂತೆವು. ಸಿಕ್ಕಿದ್ದು ಎಲ್ಲಿ ಗೊತ್ತಾ? ಇಂಗಿನ ಡಬ್ಬಿಯಲ್ಲಿ. ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತ ಬರೆದಿತ್ತು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸುವುದು ಮಾಮೂಲಿ. ಸಾರು, ಒಗ್ಗರಣೆ, ಮಿರ್ಚಿ, ಎಲ್ಲದರಲ್ಲೂ ಅದು ಹೋಗುತ್ತಿತ್ತು. ಈಗ ಅಕ್ಕಿ ಹಿಟ್ಟು ಹಾಕಿದ ಇಂಗು ಹುಡುಕಿ ತರುತ್ತಾರೆ.

ಇನ್ನೊಂದು, ಹಿಟ್ಟಿನ ಗಿರಣಿ. ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿ ಬೀಳುತ್ತದೆ. ಮೊದಲ ಒಂದೆರಡು ಹಿಡಿ ಹಿಟ್ಟು ನೋಡಿದರೆ ಬಣ್ಣ ಬೆಳ್ಳಗಿರುತ್ತದೆ, ನೀವೂ ನೋಡಿರುತ್ತೀರಿ. ನಮ್ಮ ದೇಶದ ನಿಯಮದ ಪ್ರಕಾರ ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂ ಮೀರಬಾರದು. ಗಿರಣಿ ಕಲ್ಲಿಗೆ ಅಂಟಿದ ಹಿಟ್ಟಿನ ಮುಂದೆ 20 ಮಿಲಿಗ್ರಾಂ ಏನೇನೂ ಅಲ್ಲ. ಅಮ್ಮ ಈಗ ಊರಲ್ಲೇ ರಾಗಿ ಜೋಳ ಹಸನು ಮಾಡಿ, ಮನೆಯಲ್ಲೇ ಬೀಸಿ, ಬಟ್ಟೆಯ ಚೀಲದಲ್ಲಿ ಹೊಲಿದು ದೆಹಲಿಗೆ ಕಳಿಸುತ್ತಾರೆ.

ಅಕ್ಕನ ನೋವು ಹೋಗಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಹಿಮೋಗ್ಲೋಬಿನ್ 12 ಆಗಿದೆ. ಪಿತ್ತಕೋಶ ಇಲ್ಲ, ಅದು ವಾಪಸ್ ಬರುವುದಿಲ್ಲ. ತೆಗೆಯದೆ ಇದ್ದಿದ್ದರೆ ತಾನಾಗಿ ಸರಿಹೋಗುತ್ತಿತ್ತಾ ಅಂತ ಅವಳು ಒಂದೇ ಸಲ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಮನೆತನದಲ್ಲಿ ಹರಿಯುವ ಕಾಯಿಲೆ. ಒಬ್ಬರಿಗೆ ಬಂದರೆ ಒಡಹುಟ್ಟಿದವರು, ಮಕ್ಕಳು, ತಂದೆತಾಯಿ ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಿಸಬೇಕು. ನಾನು ಮಾಡಿಸಿದೆ, ಅಮ್ಮನೂ ಮಾಡಿಸಿದರು. ಇಬ್ಬರಿಗೂ ಇಲ್ಲ. ಅಕ್ಕನ ಮಗಳು ಹತ್ತನೇ ಕ್ಲಾಸು, ವಯಸ್ಸಿಗೆ ಸ್ವಲ್ಪ ಕುಳ್ಳಿ. ಊಟ ಆದ ಮೇಲೆ ಅವಳೂ ಕೆಲವೊಮ್ಮೆ ಬಲಪಕ್ಕೆ ಹಿಡಿದುಕೊಳ್ಳುತ್ತಾಳೆ. ಪರೀಕ್ಷೆ ಮುಗಿಯುವವರೆಗೂ ಚಪಾತಿ ನಿಲ್ಲಿಸಬೇಡ ಅಂತ ಅಕ್ಕನಿಗೆ ದಿನಾ ಫೋನ್ ಮಾಡಿ ಹೇಳುತ್ತಿದ್ದೆ. ಸೋಮವಾರ ರಕ್ತ ಕೊಟ್ಟು ಬಂದಿದ್ದಾರೆ. ರಿಪೋರ್ಟ್ ಶುಕ್ರವಾರ ಬರುತ್ತದೆ.