ಇದು ಯಾರದ್ದೋ ಇರಬೇಕು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆ ಅಲ್ವಾ? ಸರಿ.

ಎಂಟು ವರ್ಷದಿಂದ ನಾನು ಮಣ್ಣಿನ ಪುಟ್ಟ ಹಕ್ಕಿಗಳನ್ನು ಮಾಡಿ ಅಲ್ಲಿ ಇಲ್ಲಿ ಬಿಟ್ಟು ಬರುತ್ತಿದ್ದೇನೆ. ಬೆಂಚಿನ ಮೇಲೆ, ಮೆಟ್ಟಿಲ ಮೂಲೆಯಲ್ಲಿ, ಪಾರ್ಕಿನ ಗಿಡ್ಡ ಗೋಡೆಯ ಮೇಲೆ. ಯಾರ ಕಣ್ಣಿಗೆ ಬಿತ್ತೋ ಅವರದು. ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಆದರೆ ಮೊದಲು ನನಗೇ ಒಂದು ವಸ್ತು ಸಿಕ್ಕ ಕಥೆ ಹೇಳಬೇಕು, ಸ್ವಲ್ಪ ನಾಚಿಕೆಯಿಂದಲೇ.

ಒಂದು ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ನಿಲ್ದಾಣದ ಕಬ್ಬಿಣದ ಸರಳಿಗೆ ಏನೋ ನೇತಾಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಕ್ರೋಶಾದಲ್ಲಿ ಹೆಣೆದ ಮೀನು, ನನ್ನ ಹೆಬ್ಬೆರಳಿನಷ್ಟು ಉದ್ದ. ಹಸಿರು ನೂಲು, ಕಣ್ಣಿಗೆ ಕಪ್ಪು ಗುಂಡಿ. ಬಾಲದ ಹತ್ತಿರ ಒಂದು ಹೊಲಿಗೆ ತಪ್ಪಿತ್ತು, ಅದನ್ನು ಬಿಚ್ಚದೆ ಹಾಗೇ ಮುಂದುವರಿಸಿದ್ದರು. ಒಂದು ಚೀಟಿಯೂ ಇತ್ತು: ‘ನನ್ನನ್ನು ಕರೆದುಕೊಂಡು ಹೋಗಿ.’

ನಾನು ಕರೆದುಕೊಂಡು ಹೋಗಲಿಲ್ಲ.

ಇದೇ ಕೆಲಸ ಮಾಡುವವಳು ನಾನು. ಆ ಚೀಟಿಯ ಅರ್ಥ ನನಗಿಂತ ಚೆನ್ನಾಗಿ ಇನ್ನು ಯಾರಿಗೆ ಗೊತ್ತಿರಬೇಕು? ಆದರೂ ಕೈ ಮುಂದೆ ಹೋಗಲಿಲ್ಲ. ಆ ಕಡೆ ಈ ಕಡೆ ನೋಡಿದೆ. ಯಾರಾದರೂ ಮೊಬೈಲಲ್ಲಿ ವಿಡಿಯೋ ಮಾಡ್ತಾ ಇದ್ದಾರಾ? ಯಾವುದೋ ಮಗುವಿನದಾಗಿದ್ದರೆ? ನನಗಿಂತ ಇದು ಬೇಕಾದವರು ಬಂದರೆ? ಅಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ. ಮಾರನೇ ದಿನ ಒಂದು ಗಂಟೆ ಮುಂಚೆಯೇ ಹೋದೆ. ಬರೀ ಸರಳು ಇತ್ತು.

ಮಾಡುವುದು ಎಷ್ಟು ಕೆಲಸವೋ ಬಿಟ್ಟು ಬರುವುದೂ ಅಷ್ಟೇ ಕೆಲಸ ಅಂತ ಅವತ್ತು ನನಗೆ ತಿಳಿಯಿತು. ಹಕ್ಕಿಯ ಕೊಕ್ಕು ಸರಿಯಾಗಲಿ ಅಂತ ಅರ್ಧ ದಿನ ಕೂರುತ್ತೇವೆ. ಅದನ್ನು ಎಲ್ಲಿ, ಹೇಗೆ, ಯಾವ ಮಾತಿನ ಜೊತೆ ಇಡಬೇಕು ಅನ್ನುವುದಕ್ಕೆ ಅರ್ಧ ನಿಮಿಷವೂ ಕೊಡುವುದಿಲ್ಲ. ಆಮೇಲೆ ಯಾರೂ ತಗೊಳ್ಳಲಿಲ್ಲ ಅಂತ ಜನರನ್ನು ಬೈಯುತ್ತೇವೆ.

ಜನ ಯಾಕೆ ಹಿಂಜರಿಯುತ್ತಾರೆ? ಮಾರ್ಸೆಲ್ ಮೋಸ್ ಅನ್ನುವ ಫ್ರೆಂಚ್ ಸಮಾಜಶಾಸ್ತ್ರಜ್ಞ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದ. ಉಡುಗೊರೆ ಅಂದರೆ ಕೊಡುವುದು, ತೆಗೆದುಕೊಳ್ಳುವುದು, ಮರಳಿ ಕೊಡುವುದು. ಈ ಮೂರೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ, ಪುಕ್ಕಟೆ ಅನ್ನುವುದು ನಿಜಕ್ಕೂ ಪುಕ್ಕಟೆ ಇರುವುದಿಲ್ಲ ಅಂತ ಅವನ ವಾದ. ನಮಗೆ ಇದನ್ನು ಹೇಳಲು ಪ್ರಬಂಧ ಬೇಕಿಲ್ಲ, ‘ಋಣ’ ಅನ್ನುವ ಒಂದು ಪದ ಸಾಕು. ಸಿಕ್ಕವರ ಮನಸ್ಸಿನಲ್ಲಿ ಎರಡೇ ಪ್ರಶ್ನೆ. ಇದು ಯಾರದ್ದಾದರೂ ಇರಬಹುದಾ? ತಗೊಂಡರೆ ನನ್ನಿಂದ ಏನು ಕೇಳುತ್ತಾರೆ? ಕೊಟ್ಟವರ ಮುಖವೇ ಕಾಣದಿದ್ದಾಗ ಎರಡನೇ ಪ್ರಶ್ನೆ ಇನ್ನೂ ಜಾಸ್ತಿ ಕಾಡುತ್ತದೆ. ಋಣ ತೀರಿಸೋಣ ಅಂದರೆ ಯಾರಿಗೆ ತೀರಿಸುವುದು?

ಈ ಎರಡಕ್ಕೂ ಉತ್ತರ ಕೊಡಬೇಕಾದದ್ದು ಚೀಟಿ. ನನ್ನ ಮೊದಲ ಚೀಟಿಗಳಲ್ಲಿ ‘ದಯವಿಟ್ಟು ತೆಗೆದುಕೊಳ್ಳಿ’ ಅಂತ ಇತ್ತು. ಬೇಡುವ ದನಿ. ಆಮೇಲೆ ಒಂದಷ್ಟು ದಿನ ಕವಿತೆ ಥರ ಏನೇನೋ ಬರೆದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಈಗ ಬರೆಯುವುದು ಇಷ್ಟು: ‘ಇದನ್ನು ಯಾರೂ ಕಳೆದುಕೊಂಡಿಲ್ಲ. ನಿಮಗೆ ಸಿಕ್ಕಿದೆ, ನಿಮ್ಮದೇ. ಏನೂ ಕೊಡಬೇಕಿಲ್ಲ.’ ಹೆಸರಿಲ್ಲ, ಫೋನ್ ನಂಬರ್ ಇಲ್ಲ. ಕ್ಯೂಆರ್ ಕೋಡ್ ಅಂತೂ ಬೇಡವೇ ಬೇಡ. ಅದನ್ನು ಕಂಡ ಕೂಡಲೇ ಹಕ್ಕಿ ಜಾಹೀರಾತು ಆಗಿಬಿಡುತ್ತದೆ. ಕೆಲವರು ಮೋಸ ಅಂದುಕೊಂಡು ಓಡುತ್ತಾರೆ, ಅವರದು ತಪ್ಪೂ ಅಲ್ಲ.

ಚೀಟಿಯ ವಿಷಯಕ್ಕೆ ನನಗೆ ತುಂಬ ಇಷ್ಟವಾದ ಕಥೆ ಸ್ಕಾಟ್ಲೆಂಡಿನ ಎಡಿನ್‌ಬರೋದ್ದು. 2011ರ ಮಾರ್ಚ್ ತಿಂಗಳು. ಅಲ್ಲಿನ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಸಿಬ್ಬಂದಿಗೆ ಮೇಜಿನ ಮೇಲೆ ಒಂದು ಪುಟ್ಟ ಮರ ಸಿಕ್ಕಿತು. ಪುಸ್ತಕದ ಹಾಳೆಗಳನ್ನೇ ಕತ್ತರಿಸಿ ಮಾಡಿದ ಮರ, ಹಳೆಯ ಪುಸ್ತಕವೇ ಅದರ ನೆಲ. ಪಕ್ಕದಲ್ಲಿ ಒಡೆದ ಮೊಟ್ಟೆಯ ಎರಡು ಹೋಳು, ಒಳಗೆ ಚಿನ್ನದ ಬಣ್ಣ, ಅದರೊಳಗೆ ಕತ್ತರಿಸಿ ತುಂಬಿಟ್ಟ ಪದಗಳು. ಆ ಪದಗಳನ್ನು ಜೋಡಿಸಿದರೆ ಒಂದು ಕವಿತೆ. ಜೊತೆಯ ಚೀಟಿ ನೇರವಾಗಿ ಆ ಲೈಬ್ರರಿಯನ್ನೇ ಮಾತಾಡಿಸುತ್ತಿತ್ತು. ಅಲ್ಲಿಗೆ ಮುಗಿಯಿತಲ್ಲ, ಇದು ಯಾರಿಗೆ ಅನ್ನುವ ಅನುಮಾನವೇ ಉಳಿಯಲಿಲ್ಲ.

ಆಮೇಲೆ ನವೆಂಬರ್ ತನಕ ಇಂಥವು ಒಂದೊಂದೇ ಸಿಗುತ್ತಾ ಹೋದವು, ಒಟ್ಟು ಹತ್ತು. ಕಥೆ ಹೇಳುವ ಕೇಂದ್ರದಲ್ಲಿ ಗೂಡಿನೊಳಗೆ ಕೂತ ಡ್ರ್ಯಾಗನ್, ಮ್ಯೂಸಿಯಮ್ಮಿನಲ್ಲಿ ಪುಸ್ತಕ ಹರಿದು ಹೊರಬರುವ ಡೈನೋಸಾರ್, ರಾಷ್ಟ್ರೀಯ ಗ್ರಂಥಾಲಯದಲ್ಲಿ ಗ್ರಾಮೊಫೋನ್. ಕಡೆಯದು ಮತ್ತೆ ಅದೇ ಪೊಯೆಟ್ರಿ ಲೈಬ್ರರಿಗೇ ಬಂತು. ಆಗಲೇ ಗೊತ್ತಾಗಿದ್ದು, ಮಾಡಿದವರು ಒಬ್ಬ ಹೆಂಗಸು ಅಂತ. ಲೈಬ್ರರಿ, ಮ್ಯೂಸಿಯಂಗಳ ಒಳಗೆ ಸುಮ್ನೆ ನಡೆದು ಹೋಗಲು ಸಿಕ್ಕಿದ್ದರಿಂದಲೇ ತನ್ನ ಬದುಕು ತುಂಬಿತು ಅಂತ ಆ ಚೀಟಿಯಲ್ಲಿ ಹೇಳಿಕೊಂಡಿದ್ದರು. ಹೆಸರು ಮಾತ್ರ ಬರೆಯಲಿಲ್ಲ. ಪತ್ರಿಕೆಯವರು ಬೆನ್ನು ಹತ್ತಿದ್ದರು, ದೊಡ್ಡ ಸುದ್ದಿಯಾಗಿತ್ತು. ಆಸೆ ಆಗಿರಲ್ವಾ ಒಂದು ಸಲ ಮುಂದೆ ಬಂದು ನಿಲ್ಲೋಣ ಅಂತ? ನಾನಾಗಿದ್ದರೆ ಮೂರನೆಯದಕ್ಕೇ ಬಾಯಿ ಬಿಟ್ಟಿರುತ್ತಿದ್ದೆ.

ಹೆಸರಿಟ್ಟುಕೊಂಡು ಮಾಡಿದವರೂ ಇದ್ದಾರೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಒಬ್ಬ ಕಲಾವಿದರು, ‘ಮೈ ಡಾಗ್ ಸೈಸ್’ ಅನ್ನುವುದು ಅವರ ಬೀದಿ ಹೆಸರು, 2000ರ ದಶಕದಲ್ಲಿ ಪ್ರತಿ ಶುಕ್ರವಾರ ತಮ್ಮ ಒಂದು ಕೆಲಸವನ್ನು ರಸ್ತೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಬಿಸಾಕಿದ ತಗಡಿನ ಡಬ್ಬಿಗಳ ಮೇಲೆ ಮುಖ ಬರೆಯುತ್ತಿದ್ದರು. ಅದು ‘ಫ್ರೀ ಆರ್ಟ್ ಫ್ರೈಡೆ’ ಅಂತ ಬೇರೆ ದೇಶಗಳಿಗೂ ಹಬ್ಬಿತು. ಅಮೆರಿಕದ ಬ್ಲಾಕ್ ಐಲ್ಯಾಂಡ್ ಅನ್ನುವ ದ್ವೀಪದಲ್ಲಿ ಗಾಜಿನ ಕಲಾವಿದ ಎಬೆನ್ ಹಾರ್ಟನ್ 2012ರಿಂದ ಊದಿ ಮಾಡಿದ ಗಾಜಿನ ಗುಂಡುಗಳನ್ನು ಕಡಲ ದಂಡೆಯಲ್ಲಿ, ಕಾಲುದಾರಿಗಳಲ್ಲಿ ಅಡಗಿಸಿಡುತ್ತಾರೆ. ಒಂದೊಂದಕ್ಕೂ ನಂಬರ್ ಇರುತ್ತದೆ. ವರ್ಷಕ್ಕೆ ಒಬ್ಬರು ಒಂದೇ ಇಟ್ಟುಕೊಳ್ಳಿ ಅನ್ನುವ ವಿನಂತಿಯೂ ಇದೆ. ಯಾಕೆ ಅಂತ ನಿಮಗೇ ಗೊತ್ತು, ಚೀಲ ಹಿಡಿದು ಬರುವವರು ಎಲ್ಲ ಕಡೆ ಇರುತ್ತಾರೆ.

ಅಮೆರಿಕದ ಚಿತ್ರಕಲಾವಿದ ಕೀತ್ ಹ್ಯಾರಿಂಗ್‌ಗೆ ಆದದ್ದೂ ಅದೇ. ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಖಾಲಿ ಜಾಹೀರಾತು ಫಲಕಗಳಿಗೆ ಕಪ್ಪು ಕಾಗದ ಅಂಟಿಸಿರುತ್ತಿದ್ದರು. 1980ರಿಂದ 1985ರವರೆಗೆ ಅವನು ಅದರ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ನೂರಾರು ಚಿತ್ರ ಬರೆದ. ಓಡಾಡುವವರೆಲ್ಲ ನೋಡಲಿ ಅಂತ. ಪೊಲೀಸರು ಹಿಡಿದರೂ ಬಿಡಲಿಲ್ಲ. ಹೆಸರು ಬಂದ ಮೇಲೆ ಜನ ಕಾಗದವನ್ನೇ ಕಿತ್ತು ಮಾರತೊಡಗಿದರು. ಆಗ ನಿಲ್ಲಿಸಿದ. ಪೊಲೀಸರಿಂದ ಆಗದ್ದು ಬೆಲೆಯಿಂದ ಆಯಿತು. ನನ್ನ ಹಕ್ಕಿಗಳಿಗೆ ಆ ಭಯವಿಲ್ಲ, ಅದು ಬೇರೆ ಮಾತು.

ಈಗ ಕೈಕೆಲಸದ ವಿಷಯ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದಿರಲಿ. ದೊಡ್ಡದಿದ್ದರೆ ಎತ್ತಿಕೊಂಡವರು ಎಲ್ಲರ ಕಣ್ಣಿಗೆ ಬೀಳುತ್ತಾರೆ, ಅದಕ್ಕೇ ಬಿಟ್ಟು ಹೋಗುತ್ತಾರೆ. ಕೂತವರ ಕೈಗೆ ಎಟುಕುವ ಎತ್ತರದಲ್ಲಿ ಇಡಿ. ನೆಲದ ಮೇಲಿದ್ದದ್ದು ಕಸ ಅನ್ನಿಸುತ್ತದೆ, ಗುಡಿಸುವವರಿಗೂ ಹಾಗೇ ಅನ್ನಿಸುತ್ತದೆ. ನಡೆಯುವವರ ಕಾಲಿಗೆ, ಗಾಲಿಕುರ್ಚಿಗೆ ಅಡ್ಡ ಬರಬಾರದು. ಚೂಪು ತುದಿ, ಕಿತ್ತುಬರುವ ಮಣಿ ಬೇಡ, ಮೊದಲು ಸಿಗುವುದು ಮಗುವಿನ ಕೈಗೂ ಇರಬಹುದು.

ಮುಚ್ಚಿದ ಡಬ್ಬಿ, ಸುತ್ತಿದ ಪೊಟ್ಟಣ, ವೈರು, ಬ್ಯಾಟರಿ, ಇವುಗಳ ಹತ್ತಿರವೂ ಹೋಗಬೇಡಿ. 2007ರ ಜನವರಿ 31ರಂದು ಬಾಸ್ಟನ್ ನಗರದಲ್ಲಿ ಏನಾಯಿತು ಗೊತ್ತಾ? ಒಂದು ಕಾರ್ಟೂನ್ ಪ್ರಚಾರಕ್ಕೆ ಅಂತ ಎಲ್‌ಇಡಿ ದೀಪದ ಸಣ್ಣ ಫಲಕಗಳನ್ನು ಸೇತುವೆ, ಕಂಬಗಳಿಗೆ ಹಾಕಿದ್ದರು. ಅದನ್ನು ಬಾಂಬ್ ಅಂದುಕೊಂಡು ರಸ್ತೆಗಳನ್ನೇ ಮುಚ್ಚಿದರು, ಹಾಕಿದ ಇಬ್ಬರನ್ನು ಬಂಧಿಸಿದರು. ನೋಡಿದ ಕೂಡಲೇ ಇದು ಏನು ಅಂತ ಗೊತ್ತಾಗಬೇಕು. ಆಸ್ಟ್ರೇಲಿಯಾದಲ್ಲಿ ಶುರುವಾದ ಟಾಯ್ ಸೊಸೈಟಿಯವರು ಕೈಯಲ್ಲಿ ಹೊಲಿದ ಗೊಂಬೆಗಳನ್ನು ಪಾರದರ್ಶಕ ಚೀಲದಲ್ಲೇ ಹಾಕಿ ಬಿಡುತ್ತಿದ್ದರು. ಮಳೆಯೂ ತಾಗದು, ಒಳಗೇನಿದೆ ಅಂತಲೂ ಕಾಣುತ್ತದೆ.

ಕಾಡು, ಅಭಯಾರಣ್ಯಗಳಲ್ಲಿ ಬೇಡ. ಬಣ್ಣ ಹಚ್ಚಿದ ಕಲ್ಲುಗಳನ್ನು ಬಿಡುವುದು ಕೆಲವು ವರ್ಷ ಬಹಳ ಜೋರಾಗಿತ್ತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳವರು ಇದನ್ನು ಕಸ ಅಂತಲೇ ಲೆಕ್ಕ ಹಾಕುತ್ತಾರೆ. ಅವರು ಹೇಳುವುದು ಸರಿಯೇ. ಅಕ್ರಿಲಿಕ್ ಬಣ್ಣ ಅಂದರೆ ಪ್ಲಾಸ್ಟಿಕ್, ಬಿಸಿಲು ಮಳೆಗೆ ಹೊಪ್ಪಳಿಕೆ ಎದ್ದು ನೆಲಕ್ಕೆ ಸೇರುತ್ತದೆ. ಅಲ್ಲಿ ನೋಡಲು ಬೇಕಾದ್ದು ಈಗಾಗಲೇ ಇದೆ, ನಮ್ಮ ಹಕ್ಕಿ ಯಾಕೆ? ಮಿನುಗು ಪುಡಿ ಬಳಸುವವರ ಜೊತೆ ನಾನು ಮಾತಾಡುವುದಿಲ್ಲ.

ನನ್ನ ತಪ್ಪೂ ಹೇಳಿಬಿಡುತ್ತೇನೆ. ಗಾಳಿಗೆ ಬೀಳದಿರಲಿ ಅಂತ ಒಂದು ಸಲ ಹಕ್ಕಿಯ ಕಾಲಿಗೆ ಅಂಟು ಹಚ್ಚಿ ಮರದ ಬೆಂಚಿನ ಮೇಲೆ ಕೂರಿಸಿದೆ. ಯಾರೋ ಆಸೆಯಿಂದ ಎತ್ತಿದ್ದಾರೆ. ಮಾರನೇ ದಿನ ನೋಡಿದರೆ ಬೆಂಚಿನ ಮೇಲೆ ಎರಡು ಮಣ್ಣಿನ ಕಾಲು ಮಾತ್ರ ಇವೆ. ಕೆರೆದು ತೆಗೆಯಲು ಹೋದೆ, ಪಾಲಿಶ್ ಕೂಡ ಎದ್ದು ಬಂತು. ಆ ಬಿಳಿ ಗುರುತು ಈಗಲೂ ಇದೆ. ಅಂಟಿಸಿದ್ದನ್ನು ‘ತಗೊಳ್ಳಿ’ ಅಂದರೆ ಏನರ್ಥ?

ಇನ್ನು, ಬಿಟ್ಟ ಮೇಲೆ ನಿಂತು ನೋಡಬೇಕೋ ಬೇಡವೋ. ಬೇಡ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲರೂ ನೋಡುತ್ತಾರೆ. ನಾನೂ ಮೊದಲು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದೆ. ಮೊಬೈಲಲ್ಲಿ ಫೋಟೋ ಹೊಡೆದು ಹಕ್ಕಿಯನ್ನು ಅಲ್ಲೇ ಬಿಟ್ಟು ಹೋದವರು ಬಹಳ. ಒಬ್ಬ ಹುಡುಗ ಜೇಬಿಗೆ ಹಾಕಿಕೊಂಡ, ಹತ್ತು ಹೆಜ್ಜೆ ಹೋಗಿ ತೆಗೆದು ನೋಡಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಒಂದು ದಿನ ವಯಸ್ಸಾದ ಒಬ್ಬರು ಬಂದು ಕೂತರು. ಹಕ್ಕಿಯನ್ನು ಎತ್ತಿದರು. ಅಡಿಯಲ್ಲಿ ಬೆಲೆ ಚೀಟಿ ಇದೆಯಾ ಅಂತ ನೋಡಿದರು. ಕನ್ನಡಕ ಹಾಕಿಕೊಂಡು ನನ್ನ ಚೀಟಿ ಓದಿದರು. ಆಮೇಲೆ ಇದ್ದ ಜಾಗದಲ್ಲೇ ವಾಪಸ್ ಇಟ್ಟರು. ಆದರೆ ನಾನು ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದೆ, ಅವರು ರಸ್ತೆ ಕಡೆ ತಿರುಗಿಸಿ ಇಟ್ಟು ಎದ್ದು ಹೋದರು. ಅವರು ತಗೊಂಡರು ಅಂತಲಾ, ಇಲ್ಲ ಅಂತಲಾ? ಅವತ್ತಿನಿಂದ ಕಂಬದ ಹಿಂದೆ ನಿಲ್ಲುವುದು ಬಿಟ್ಟೆ. ಎಷ್ಟು ಹೋದವು, ಎಷ್ಟು ಉಳಿದವು ಅಂತ ಲೆಕ್ಕ ಇಡುವುದೂ ನಿಂತಿತು.

ಹಾಗೆ ಲೆಕ್ಕ ಬಿಟ್ಟ ಮೇಲೆ, ಕಳೆದ ಮಳೆಗಾಲದಲ್ಲಿ, ರೈಲಿನಲ್ಲಿ ಕೊಡೆ ಮರೆತೆ. ನಿಲ್ದಾಣದಲ್ಲಿ ಕಳೆದ ವಸ್ತುಗಳನ್ನು ಇಡುವ ಕೋಣೆ ಇರುತ್ತದಲ್ಲ, ಅಲ್ಲಿಗೆ ಹೋದೆ. ಗುಮಾಸ್ತರು ಬೀರು ತೆರೆದರು. ನೀರಿನ ಬಾಟಲಿ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ. ಮೇಲಿನ ಅರೆಯಲ್ಲಿ ಸಾಲಾಗಿ ನಾಲ್ಕು ಮಣ್ಣಿನ ಹಕ್ಕಿ.

ನನ್ನವೇ. ಇಂಕಿನಲ್ಲಿ ಬರೆದ ನನ್ನ ಚೀಟಿಗಳು ಮಳೆಯಲ್ಲಿ ನೆನೆದು ಬರೀ ನೀಲಿ ಕಲೆಯಾಗಿದ್ದವು. ಈಗ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ, ನೀವೂ ಹಾಗೇ ಮಾಡಿ, ಅದು ನೀರಿಗೆ ಹರಡುವುದಿಲ್ಲ. ನನ್ನ ಚೀಟಿಯ ಪಕ್ಕ ಅವರು ತಮ್ಮ ಚೀಟಿ ಕಟ್ಟಿದ್ದರು, ಗುಂಡಗಿನ ಅಕ್ಷರದಲ್ಲಿ ತಾರೀಕು, ಹೊತ್ತು, ಸಿಕ್ಕ ಜಾಗ. ‘ಕುಡಿಯುವ ನೀರಿನ ನಲ್ಲಿ ಪಕ್ಕ, ಬೆಳಗ್ಗೆ 8:10.’

“ಇವೂ ನಿಮ್ಮವಾ ಮೇಡಂ?” ಅಂತ ಕೇಳಿದರು. ನಾನು ಅಷ್ಟು ಹೊತ್ತು ನೋಡ್ತಾ ನಿಂತಿದ್ದೆ ಅನ್ನಿಸುತ್ತೆ.

“ಅಲ್ಲ” ಅಂದೆ.

“ಯಾವುದೋ ಮಗೂದಿರಬೇಕು. ಹುಡುಕ್ತಾ ಇರುತ್ತೆ ಪಾಪ,” ಅಂದರು. ಒಂದರ ಬೆನ್ನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿ, ಮತ್ತೆ ಸಾಲಿಗೆ ಸೇರಿಸಿದರು. ನಾನು ರಿಜಿಸ್ಟರಿನಲ್ಲಿ ಸಹಿ ಹಾಕಿ ಕೊಡೆ ತಗೊಂಡು ಬಂದೆ.