ಕಾರಿನ ಎಸಿಯಲ್ಲಿ ಮುಗ್ಗಲು ವಾಸನೆಯೇ? ಮನೆ ಮುಟ್ಟುವ ಮೊದಲು ಬಂದ್ ಮಾಡಿ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ಈಗ ಕಾರಿನಲ್ಲೇ ಕೂತು ಈ ಮಾತು ಕೇಳುತ್ತಿರಬಹುದು. ಹೊರಗೆ ಮಳೆ, ಗ್ಲಾಸ್ ಎಲ್ಲ ಮೇಲೆ, ಎಸಿ ಓಡುತ್ತಿದೆ, ಅಲ್ವಾ? ನಿಮಗೇ ಮೊದಲು ಹೇಳಿಬಿಡುತ್ತೇನೆ. ಮನೆ ಮುಟ್ಟಲು ಐದು ನಿಮಿಷ ಇರುವಾಗ ಎಸಿ ಬಟನ್ ಬಂದ್ ಮಾಡಿ. ಫ್ಯಾನ್ ಮಾತ್ರ ಓಡಲಿ, ಜೋರಾಗಿ ಓಡಲಿ. ನಾನು ಇವತ್ತು ಹೇಳಲು ಬಂದದ್ದು ಇಷ್ಟೇ. ಇನ್ನು ಮುಂದಿನದೆಲ್ಲ ಅದು ಯಾಕೆ ಅಂತ ತಿಳಿಸುವುದಕ್ಕೆ.

ಮಂಗಳೂರಿನಲ್ಲಿ ಕಾರಿನ ಎಸಿ ಕೆಲಸ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಜೂನ್ ಬಂತೆಂದರೆ ಗ್ಯಾರೇಜಿಗೆ ಬರುವವರ ದೂರು ಒಂದೇ. "ಎಸಿ ಹಾಕಿದ ಕೂಡಲೇ ಒಂಥರಾ ವಾಸನೆ ಮಾರಾಯ್ರೇ, ಸ್ವಲ್ಪ ಹೊತ್ತಿಗೆ ಹೋಗುತ್ತದೆ, ನಾಳೆ ಬೆಳಿಗ್ಗೆ ಪುನಃ ಬರುತ್ತದೆ." ಕೆಲವರು ಒದ್ದೆ ಗೋಣಿ ಎನ್ನುತ್ತಾರೆ, ಕೆಲವರು ಹಳೇ ಕೊಡೆ ಎನ್ನುತ್ತಾರೆ. ಒಬ್ಬರು ಅಮ್ಮ ಸರಿಯಾಗಿ ಹೇಳಿದರು: ಮಳೆಗಾಲದಲ್ಲಿ ಚಾವಡಿಯ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನ ಒಣಗದೆ ಇದ್ದರೆ ಬರುವ ವಾಸನೆ. ಅದೇ ಅದು. ಬಟ್ಟೆಗೆ ಯಾಕೆ ಆ ವಾಸನೆ ಹಿಡಿಯುತ್ತದೋ ಕಾರಿಗೂ ಅದಕ್ಕೇ ಹಿಡಿಯುತ್ತದೆ. ಒದ್ದೆ ಒಣಗಲಿಲ್ಲ.

ಒದ್ದೆ ಎಲ್ಲಿಂದ ಬಂತು? ಡ್ಯಾಶ್‌ಬೋರ್ಡಿನ ಒಳಗೆ ಒಂದು ಪೆಟ್ಟಿಗೆ ಇದೆ, ಅದರಲ್ಲಿ ಕೂಲಿಂಗ್ ಕಾಯಿಲ್ ಕೂತಿರುತ್ತದೆ. ತೆಳು ತೆಳು ಅಲ್ಯೂಮಿನಿಯಂ ಹಾಳೆಗಳು, ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ. ಎಸಿ ಓಡುವಾಗ ಅದು ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಮೇಲೆ, ಅಷ್ಟು ತಣ್ಣಗೆ ಇರುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಸ್ಟೀಲ್ ಚೊಂಬಿನ ಹೊರಗೆ ನೀರು ಕೂರುತ್ತದಲ್ಲ, ಹಾಗೆ ಇದರ ಮೇಲೂ ಗಾಳಿಯಲ್ಲಿರುವ ನೀರು ಕೂರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೆ ಬರ ಇದೆಯೇ? ಆ ನೀರು ಕೆಳಗಿನ ಒಂದು ಸಣ್ಣ ಪೈಪಿನಿಂದ ರಸ್ತೆಗೆ ಹನಿಯುತ್ತದೆ. ಕಾರಿನ ಅಡಿ ನೀರು ಕಂಡರೆ ಗಾಬರಿಯಾಗಿ ಫೋನ್ ಮಾಡುತ್ತಾರೆ ಜನ. ಬೀಳಬೇಕು ಅದು, ಬೀಳಲೇಬೇಕು.

ಎಸಿ ಹುಟ್ಟಿದ್ದೇ ಈ ನೀರಿನ ದೆಸೆಯಿಂದ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸು. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಆಗ ವಿಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್ ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯಿಸಿ ಅದರ ತೇವ ತೆಗೆಯುವ ಯಂತ್ರದ ನಕ್ಷೆ ಮಾಡಿದರು. ಮನುಷ್ಯರಿಗೆ ತಂಪು ಮಾಡುವುದಕ್ಕಲ್ಲ, ಕಾಗದಕ್ಕೆ ತೇವ ಆಗದಿರಲಿ ಅಂತ. ಅಂದರೆ ನಿಮ್ಮ ಎಸಿ ನೀರು ತೆಗೆಯುವ ಯಂತ್ರ, ತೆಗೆದ ನೀರಿನಲ್ಲಿ ತಾನೂ ನೆನೆದಿರುತ್ತದೆ. ನೀವು ಮನೆ ಅಂಗಳಕ್ಕೆ ಬಂದು ಎಸಿ ಓಡುತ್ತಿರುವಾಗಲೇ ಕೀ ತಿರುಗಿಸಿ ಇಳಿದು ಹೋದರೆ, ಆ ನೆನೆದ ಕಾಯಿಲ್ ಕತ್ತಲ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಹಾಗೇ ಇರುತ್ತದೆ. ನೀರು, ಕತ್ತಲೆ, ಸ್ವಲ್ಪ ಧೂಳು. ಬೂಷ್ಟು ಬರಲು ಇನ್ನೇನು ಬೇಕು? ಬೆಳಿಗ್ಗೆ ಫ್ಯಾನ್ ಹಾಕಿದ ಕೂಡಲೇ ಆ ಗಾಳಿ ಮುಖಕ್ಕೆ.

ಈಗ ಒಬ್ಬರು ಮಾಷ್ಟ್ರ ಕತೆ ಹೇಳಬೇಕು. ಬಿ.ಸಿ.ರೋಡಿನ ಆಚೆ ಅವರ ಮನೆ, ಶಾಲೆಯಿಂದ ನಿವೃತ್ತಿ ಆದವರು. ಒಂದು ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದಾಗ ಬಂದರು. ಸೆಕೆಂಡ್ ಹ್ಯಾಂಡ್ ಕಾರು. ಬಾಗಿಲು ತೆಗೆದರೆ ಮಲ್ಲಿಗೆ, ನಿಂಬೆ, ಇನ್ನೊಂದು ಯಾವುದೋ, ಮೂರು ಸೆಂಟಿನ ಡಬ್ಬಿ ನೇತುಹಾಕಿದ್ದರು. ಎಲ್ಲದರ ಅಡಿಯಲ್ಲಿ ಆ ವಾಸನೆ. ಅವರಿಗೆ ಒಂದೇ ಅನುಮಾನ, ಮೊದಲಿನ ಓನರ್ ಇದರಲ್ಲಿ ಒಣಮೀನು ಸಾಗಿಸಿದ್ದಾರೆ ಅಂತ. ಶುದ್ಧ ಸಸ್ಯಾಹಾರಿಗಳು ಪಾಪ. ಸೀಟೆಲ್ಲ ಬಿಚ್ಚಿಸಿ ತೊಳೆಸಿದ್ದರು. ಯಾರೋ ಹೇಳಿದರೆಂದು ಎರಡು ಸಲ ಗ್ಯಾಸ್ ತುಂಬಿಸಿದ್ದರು. ಅವರ ಮನೆಯ ಅಮ್ಮ, ಅಂದರೆ ಅವರ ಹೆಂಡತಿ, ಆ ಕಾರಿನಲ್ಲಿ ಕೂತರೆ ತಲೆನೋವು ಅಂತ ಮಗಳ ಮನೆಗೂ ಬಸ್ಸಿನಲ್ಲೇ ಹೋಗುತ್ತಿದ್ದರು.

ನಾನು ಕೇಳಿದೆ, "ಮಾಷ್ಟ್ರೇ, ಕಾರಿನ ಅಡಿ ನೀರು ಬೀಳುತ್ತದಾ?" "ಇಲ್ಲಪ್ಪ, ಒಂದು ಹನಿ ಇಲ್ಲ, ಆ ವಿಷಯದಲ್ಲಿ ಗಾಡಿ ಒಳ್ಳೆಯದು" ಎಂದರು. ನಾನು ಎಡಗಡೆ ಮುಂದಿನ ಮ್ಯಾಟ್ ಎತ್ತಿದೆ. ಕೆಳಗಿನ ಕಾರ್ಪೆಟ್ ಒತ್ತಿದರೆ ಬೆರಳಿನ ಸುತ್ತ ನೀರು ಬಂತು. ಅಮ್ಮನ ಚಪ್ಪಲಿ ಯಾವಾಗಲೂ ಒದ್ದೆಯಾಗುತ್ತಿತ್ತಂತೆ, ಕೊಡೆಯ ನೀರು ಅಂತ ಅವರು ಅಂದುಕೊಂಡಿದ್ದರು. ಗಾಡಿ ಮೇಲೆತ್ತಿ, ಎಸಿ ನೀರು ಹೊರಗೆ ಹೋಗುವ ಡ್ರೈನ್ ಪೈಪಿಗೆ ಗಾಳಿ ಹೊಡೆದೆವು. ಮೊದಲು ಒಂದು ಕೆಸರಿನ ಉಂಡೆ ಬಿತ್ತು. ಆಮೇಲೆ ಕಾಫಿ ಬಣ್ಣದ ನೀರು, ಒಂದು ಚೊಂಬಿನಷ್ಟು. ಗ್ಲೋವ್ ಬಾಕ್ಸ್ ಬಿಚ್ಚಿ, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆದರೆ ಕಪ್ಪು ಹಿಡಿದಿದೆ, ಮಡಿಕೆ ಮಡಿಕೆಯಲ್ಲಿ ಮಾವಿನ ಹೂವಿನ ಪುಡಿ. ಮಾವಿನ ಮರದ ಅಡಿಯಲ್ಲಿ ಕಾರು ನಿಲ್ಲಿಸುತ್ತಿದ್ದರು. ವೈಪರ್ ಕೆಳಗಿನ ಜಾಲರಿ ಇದೆಯಲ್ಲ, ಹೊರಗಿನ ಗಾಳಿ ಒಳಗೆ ಹೋಗುವುದೇ ಅಲ್ಲಿಂದ. ಅದರ ಅಡಿ ಎಲೆ ಕೊಳೆತು ಗೊಬ್ಬರ ಆಗಿತ್ತು, ಒಂದು ಸಣ್ಣ ಗಿಡವೂ ಹುಟ್ಟಿತ್ತು. ಮಾಷ್ಟ್ರು ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

ಎಲ್ಲ ತೊಳೆದೆವು. ಕಾಯಿಲ್‌ಗೆ ನೊರೆಯ ಕ್ಲೀನರ್ ಬಿಟ್ಟು, ಹೊಸ ಫಿಲ್ಟರ್ ಹಾಕಿ, ಕಾರ್ಪೆಟ್ ಒಣಗಿಸಿ ಕೊಟ್ಟೆವು. ವಾಸನೆ ಹೋಯಿತು. ಕತೆ ಮುಗಿಯಿತು ಅಂದುಕೊಂಡಿರಾ? ದಸರಾದ ಹೊತ್ತಿಗೆ ಮಾಷ್ಟ್ರು ಪುನಃ ಬಂದರು. ವಾಸನೆ ಜಾಸ್ತಿ ಅಲ್ಲ, ಆದರೆ ಶುರುವಾಗಿದೆ. ನನಗೇ ಬೇಸರ ಆಯಿತು, ಅಷ್ಟು ಕೆಲಸ ಮಾಡಿ ಕೊಟ್ಟದ್ದು. ಅವರ ಜೊತೆ ಕಾರಿನಲ್ಲಿ ಮನೆ ತನಕ ಹೋದೆ. ಮೆಟ್ಟಿಲ ಬುಡದವರೆಗೆ ಎಸಿ. ಅಲ್ಲಿ ಕೀ ತಿರುಗಿಸಿದರು, ಎಸಿಯೂ ಫ್ಯಾನೂ ಒಟ್ಟಿಗೆ ನಿಂತವು. ಆಗ ಗೊತ್ತಾಯಿತು. ನಾವು ತೊಳೆದು ಕೊಟ್ಟದ್ದನ್ನು ಇವರು ದಿನಾ ಒದ್ದೆ ಮಾಡಿ ಮುಚ್ಚಿಡುತ್ತಿದ್ದಾರೆ.

ಅವರ ಮನೆಗೆ ತಿರುಗುವ ಮೊದಲು ದಾರಿಯಲ್ಲಿ ಒಂದು ಭಜನಾ ಮಂದಿರ ಇದೆ. ಅಲ್ಲಿಂದ ಮನೆಗೆ ಐದು ನಿಮಿಷ. ನಾನು ಹೇಳಿದೆ, "ಮಾಷ್ಟ್ರೇ, ಭಜನಾ ಮಂದಿರ ಕಂಡ ಕೂಡಲೇ ಎಸಿ ಬಂದ್. ಹೊರಗಿನ ಗಾಳಿಯ ಬಟನ್ ಹಾಕಿ, ಫ್ಯಾನ್ ಫುಲ್ ಇಡಿ, ಆ ಗಾಳಿಗೆ ಕಾಯಿಲ್ ಒಣಗುತ್ತದೆ." ಅವರು ಮರೆತರೂ ಅಮ್ಮ ಮರೆಯುವುದಿಲ್ಲ, "ಮಂದಿರ ಬಂತು" ಎಂದು ನೆನಪಿಸುತ್ತಾರಂತೆ. ಈಗ ಮಗಳ ಮನೆಗೆ ಕಾರಿನಲ್ಲೇ ಹೋಗುತ್ತಾರೆ. ಮೂರು ಮಳೆಗಾಲ ಕಳೆಯಿತು, ಆ ವಾಸನೆಯ ದೂರು ಹಿಡಿದು ಅವರು ಬಂದಿಲ್ಲ. ಆದ್ದರಿಂದ ನೀವೂ ಒಂದು ಗುರುತು ನೋಡಿಟ್ಟುಕೊಳ್ಳಿ. ಪೆಟ್ರೋಲ್ ಬಂಕ್ ಇರಲಿ, ಸೇತುವೆ ಇರಲಿ, ಅಂಗಡಿ ಇರಲಿ. ಅದು ಕಂಡರೆ ಎಸಿ ಬಂದ್, ಫ್ಯಾನ್ ಜೋರು.

ಮಳೆಯಲ್ಲಿ ಎಸಿ ಬಂದ್ ಮಾಡಿದರೆ ಗ್ಲಾಸಿಗೆ ಮಂಜು ಕೂರುತ್ತದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಹೌದು, ಕೂರುತ್ತದೆ. ಹಾಗಾದರೆ ಎಸಿ ಇಟ್ಟುಕೊಂಡೇ ಮನೆಗೆ ಬನ್ನಿ, ಅಂಗಳದಲ್ಲಿ ನಿಲ್ಲಿಸಿ, ಎಸಿ ಬಂದ್ ಮಾಡಿ, ಗ್ಲಾಸ್ ಇಳಿಸಿ ಐದು ನಿಮಿಷ ಫ್ಯಾನ್ ಮಾತ್ರ ಓಡಿಸಿ. ಬಾಗಿಲು ಹಾಕಿದ ಶೆಡ್ಡಿನೊಳಗೆ ಮಾತ್ರ ಬೇಡ, ಎಂಜಿನ್ ಹೊಗೆ ಪ್ರಾಣಕ್ಕೆ ಅಪಾಯ. ಐದು ನಿಮಿಷಕ್ಕೆ ಎಷ್ಟು ಪೆಟ್ರೋಲ್ ಹೋಗುತ್ತದೆ ಅಂತ ಲೆಕ್ಕ ಹಾಕುವವರು ಸೆಂಟಿನ ಡಬ್ಬಿಗೆ ಕೊಟ್ಟ ದುಡ್ಡನ್ನೂ ಲೆಕ್ಕ ಹಾಕಿ, ದಯವಿಟ್ಟು.

ಸಮಯ ಸ್ವಲ್ಪವೇ ಇದೆ, ಬೇಗ ಬೇಗ ಹೇಳುತ್ತೇನೆ. ಗ್ಯಾಸ್ ತುಂಬಿಸಿದರೆ ಈ ವಾಸನೆ ಹೋಗುವುದಿಲ್ಲ. ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತದೆ, ನಿಮ್ಮ ಮೂಗಿಗೂ ಅದಕ್ಕೂ ಸಂಬಂಧ ಇಲ್ಲ. ಕ್ಯಾಬಿನ್ ಫಿಲ್ಟರ್ ವರ್ಷಕ್ಕೊಮ್ಮೆ ಬದಲಿಸಿ, ನಮ್ಮ ಊರಿನವರು ಮಳೆಗಾಲ ಮುಗಿದ ಮೇಲೆ ಬದಲಿಸಿದರೆ ಒಳ್ಳೆಯದು. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ಹತ್ತು ನಿಮಿಷದ ಕೆಲಸ, ಮೇಲಿರುವ ಬಾಣದ ಗುರುತು ನೋಡಿ ಹಾಕಿ. ಕಾಗದದ ಫಿಲ್ಟರನ್ನು ತೊಳೆದು ಪುನಃ ಹಾಕಬೇಡಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ನೀರು, ಇವನ್ನೆಲ್ಲ ಗಾಳಿಯ ಕಿಂಡಿಗೆ ಸುರಿಯಬೇಡಿ, ಅಲ್ಯೂಮಿನಿಯಂ ತಿಂದುಹಾಕುವಂಥವೂ ಅದರಲ್ಲಿವೆ. ಕಾಯಿಲ್‌ಗೆ ಅಂತಲೇ ನೊರೆಯ ಕ್ಲೀನರ್ ಸಿಗುತ್ತದೆ. ಕಾರಿನ ಅಡಿ ನೀರು ಬೀಳುವುದು ನಿಂತರೆ ಡ್ರೈನ್ ಪೈಪ್ ನೋಡಿಸಿ.

ಇನ್ನೊಂದು ಇದೆ. ಮುಗ್ಗಲು ಅಲ್ಲದೆ ಸಿಹಿ ಸಿಹಿ ವಾಸನೆ ಬಂದು, ಮುಂದಿನ ಗ್ಲಾಸಿನ ಒಳಗೆ ಜಿಡ್ಡು ಕೂರುತ್ತಿದ್ದರೆ ಅದು ಎಂಜಿನ್ ತಂಪು ಮಾಡುವ ಕೂಲೆಂಟ್ ಸೋರುವುದು. ಪೆಟ್ರೋಲ್ ವಾಸನೆ, ಸುಟ್ಟ ವಯರಿನ ವಾಸನೆ ಬಂದರೂ ಅಷ್ಟೇ. ಅದಕ್ಕೆ ಫ್ಯಾನ್ ಓಡಿಸುತ್ತಾ ಕೂರಬೇಡಿ, ಕಾರು ಬದಿಗೆ ನಿಲ್ಲಿಸಿ ಹತ್ತಿರದ ಗ್ಯಾರೇಜಿನವರನ್ನು ಕರೆಸಿ. ನಮಸ್ಕಾರ.