ಬಟ್ಟೆಯ ಗೋಡೆ, ಪರರ ನೆಲ

ಕೇಳುಗರೇ, ನಮಸ್ಕಾರ.

ಊರಾಚೆ ಯಾರದೋ ಹೊಲದ ಅಂಚಿನಲ್ಲೋ ತೋಪಿನ ಮಗ್ಗುಲಲ್ಲೋ ಹೂಡಿದ ಡೇರೆಯೊಂದರಲ್ಲಿ ಹಣ ಕೊಟ್ಟು ಒಂದೆರಡು ರಾತ್ರಿ ತಂಗಿ ಬರುವ ರೂಢಿ ಈಚಿನ ವರ್ಷಗಳಲ್ಲಿ ಜಗತ್ತಿನ ಹಲವೆಡೆ ಬೆಳೆದಿದೆ. ಇದರಲ್ಲಿ ಎರಡು ಬಗೆ. ಅತಿಥಿ ತನ್ನ ಡೇರೆಯನ್ನು ತಾನೇ ಹೊತ್ತು ತಂದು, ಗೂಟ ಹೊಡೆದು, ಹಗ್ಗ ಬಿಗಿದು ಬಿಡಾರ ಹೂಡುವುದು ಒಂದು. ಮಂಚ, ಹಾಸಿಗೆ, ದೀಪ, ಕೆಲವೊಮ್ಮೆ ಸ್ನಾನದ ಕೋಣೆಯೂ ಸಜ್ಜಾಗಿರುವ ಡೇರೆಗೆ ಕೈಬೀಸಿಕೊಂಡು ಬಂದಿಳಿಯುವುದು ಇನ್ನೊಂದು. ಮೊದಲನೆಯದು ಕ್ಯಾಂಪಿಂಗ್, ಎರಡನೆಯದು ಗ್ಲ್ಯಾಂಪಿಂಗ್. ಬೆಡಗು ಎಂಬರ್ಥದ ಗ್ಲಾಮರ್ ಪದದ ತಲೆಗೆ ಕ್ಯಾಂಪಿಂಗಿನ ಬಾಲ ಅಂಟಿಸಿ ಮಾಡಿದ ಈ ಜೋಡುಪದ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಸೇರಿತು.

ಪದ ಹೊಸದಾದರೂ ಆಸೆ ಹಳೆಯದು. 1520ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿ ಮತ್ತು ಫ್ರಾನ್ಸಿನ ಒಂದನೆಯ ಫ್ರಾನ್ಸಿಸ್ ಕ್ಯಾಲೇ ಪಟ್ಟಣದ ಸಮೀಪದ ಬಯಲಿನಲ್ಲಿ ಸಂಧಿಸಿದಾಗ, ಜರತಾರಿ ಬಟ್ಟೆಯ ಗುಡಾರಗಳು ಎಷ್ಟು ಎದ್ದು ನಿಂತವೆಂದರೆ ಆ ಬಯಲಿಗೇ ಚಿನ್ನದ ಬಟ್ಟೆಯ ಬಯಲು ಎಂಬ ಹೆಸರು ಬಂದಿತು. ಹೆನ್ರಿಗಾಗಿ ಇಟ್ಟಿಗೆಯ ಪಾಯದ ಮೇಲೆ ಮರದ ಚೌಕಟ್ಟು ಮತ್ತು ಬಟ್ಟೆಯಿಂದ ಒಂದು ತಾತ್ಕಾಲಿಕ ಅರಮನೆಯನ್ನೇ ಕಟ್ಟಲಾಗಿತ್ತು. ಇನ್ನೊಂದು ಕವಲು, ಅಂದರೆ ತನ್ನ ಹೊರೆಯನ್ನು ತಾನೇ ಹೊರುವವರ ಕವಲು, ನಮಗೆ ಹತ್ತಿರದ ಕಾಲದ್ದು. ಬಾಲ್ಯದಲ್ಲಿ ಅಮೆರಿಕದ ಹುಲ್ಲುಗಾವಲುಗಳನ್ನು ಬಂಡಿಗಳ ಸಾಲಿನೊಡನೆ ದಾಟಿದ್ದ ಥಾಮಸ್ ಹೈರಮ್ ಹೋಲ್ಡಿಂಗ್, ಮುಂದೆ ಸೈಕಲ್ಲಿನ ಮೇಲೆ ಹೇರಬಹುದಾದ ಹಗುರ ಡೇರೆಗಳನ್ನು ರೂಪಿಸಿ, 1901ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಶಿಬಿರಾರ್ಥಿಗಳ ಸಂಘವನ್ನು ಹುಟ್ಟುಹಾಕಿದ. ವೃತ್ತಿಯಿಂದ ಆತ ಲಂಡನ್ನಿನ ದರ್ಜಿ. ಈ ಸಂಗತಿ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಡೇರೆಯ ಹಣೆಬರಹವೆಲ್ಲ ಕೊನೆಗೂ ಹೊಲಿಗೆಯಲ್ಲೇ ಇದೆ.

ರಾಜನ ಗುಡಾರಕ್ಕೂ ದರ್ಜಿಯ ಡೇರೆಗೂ ಇರುವ ವ್ಯತ್ಯಾಸವನ್ನು ಸುಖ ಮತ್ತು ಕಷ್ಟದ ವ್ಯತ್ಯಾಸ ಎಂದು ತಿಳಿಯುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಬಯಲಿನಲ್ಲಿ ಬಟ್ಟೆಯ ಕೆಳಗೆ ಒಂದು ರಾತ್ರಿ ಕಳೆಯಲು ಆಗಲೇಬೇಕಾದ ಕೆಲಸವೊಂದಿಷ್ಟು ಇದ್ದೇ ಇದೆ; ನೆಲ ಆರಿಸಬೇಕು, ಹಗ್ಗ ಬಿಗಿಯಬೇಕು, ನೀರು ತರಬೇಕು, ಒದ್ದೆಯಾದದ್ದನ್ನು ಒಣಗಿಸಬೇಕು. ಕ್ಯಾಂಪಿಂಗಿನಲ್ಲಿ ಇದು ಅತಿಥಿಯ ಪಾಲಿಗೆ ಬರುತ್ತದೆ, ಗ್ಲ್ಯಾಂಪಿಂಗಿನಲ್ಲಿ ಆತಿಥೇಯನ ಪಾಲಿಗೆ ಹೋಗುತ್ತದೆ. ಹತ್ತಿಯ ಕ್ಯಾನ್ವಾಸಿನಿಂದ ಮಾಡಿದ, ಐದು ಮೀಟರ್ ಅಗಲದ ಗಂಟೆಯಾಕಾರದ ಡೇರೆಯೊಂದು ಒಣಗಿದ್ದಾಗಲೇ ಸುಮಾರು 30 ಕಿಲೋ ತೂಗುತ್ತದೆ. ಮಳೆ ಕುಡಿದ ಮೇಲೆ ಅದನ್ನು ಒಬ್ಬರೇ ಎತ್ತುವುದು ದುಸ್ತರ. ಅಂತಹ ಐದಾರು ಡೇರೆಗಳನ್ನು ಋತುವಿನುದ್ದಕ್ಕೂ ನೋಡಿಕೊಳ್ಳುವ ರೈತ ಕುಟುಂಬವೊಂದಕ್ಕೆ ಇದು ಬೇಸಾಯದ ಮೇಲೆ ಇನ್ನೊಂದು ಬೇಸಾಯವೇ ಸರಿ.

ಕೆಲಸಗಳಲ್ಲೆಲ್ಲ ಹಿರಿದು ನೆಲದ ಆಯ್ಕೆ. ಕಣ್ಣಿಗೆ ಚೆಂದ ಕಾಣುವ ಜಾಗ, ಮಲಗಲು ಒಳ್ಳೆಯ ಜಾಗವಾಗಿರುವುದು ಅಪರೂಪ. ಸಮತಟ್ಟಾಗಿ, ಹಸಿರು ಹುಲ್ಲು ಮೆತ್ತಗೆ ಬೆಳೆದಿರುವ ತಗ್ಗು ಎಲ್ಲರನ್ನೂ ಸೆಳೆಯುತ್ತದೆ. ಆದರೆ ಸುತ್ತಲ ಹುಲ್ಲು ಒಣಗಿರುವಾಗ ಅಲ್ಲಿ ಮಾತ್ರ ಹಸಿರು ಉಳಿದಿದೆ ಎಂದರೆ ನೀರು ಬಂದು ನಿಲ್ಲುವುದು ಅಲ್ಲೇ ಎಂದರ್ಥ. ಜೊತೆಗೆ, ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನಗುಂಟ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಹತ್ತಿಪ್ಪತ್ತು ಮೀಟರ್ ಮೇಲಿನ ದಿಬ್ಬದಲ್ಲಿ ಹಿತವಾಗಿರುವ ರಾತ್ರಿ ಕೆಳಗೆ ಹಲ್ಲು ಕಡಿಸುವಂತಿರಬಹುದು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಒಮ್ಮೆ ಜಮೀನಿನ ಯಜಮಾನರು ಮೇಲಿನ ಬದುವಿನ ಪಕ್ಕ ಹೂಡಿ ಎಂದು ಎರಡು ಬಾರಿ ಹೇಳಿದರೂ ಕೇಳದೆ, ತೊರೆ ಕಾಣುತ್ತದೆಂಬ ಒಂದೇ ಕಾರಣಕ್ಕೆ ತಗ್ಗಿನಲ್ಲಿ ಡೇರೆ ಹೂಡಿದೆ. ನಡುರಾತ್ರಿ ಮಗ್ಗುಲು ಬದಲಿಸಿದಾಗ ಡೇರೆಯ ನೆಲ ನೀರು ತುಂಬಿದ ಚೀಲದಂತೆ ನನ್ನ ಕೆಳಗೆ ತುಳುಕಿತು. ಚಪ್ಪಲಿಗಳು ತೇಲಿ ಬಾಗಿಲ ಮೂಲೆ ಸೇರಿದ್ದವು. ಬೆಳಗ್ಗೆ ಯಜಮಾನರು ಒಂದು ಮಾತೂ ಆಡದೆ, ಹಗ್ಗವೊಂದನ್ನು ತಂದು ಬಟ್ಟೆ ಒಣಹಾಕಲು ಎರಡು ಮರಗಳ ನಡುವೆ ಕಟ್ಟಿಕೊಟ್ಟರು.

ಮರದ ಅಡಿಯಂತೂ ಇನ್ನೊಂದು ಆಮಿಷ. ಹಗಲಿನ ನೆರಳು ಬೇಕು, ನಿಜ. ಆದರೆ ತಲೆಯ ಮೇಲೆ ಒಣಗಿದ ಕೊಂಬೆ ಇದೆಯೇ ಎಂದು ಮೊದಲು ಕತ್ತೆತ್ತಿ ನೋಡಬೇಕು. ಗಾಳಿಯಿಲ್ಲದ ರಾತ್ರಿಯಲ್ಲೂ ಕೊಂಬೆ ಮುರಿದು ಬೀಳುವುದುಂಟು. ಮಳೆ ನಿಂತ ಮೇಲೂ ಮರ ಗಂಟೆಗಟ್ಟಲೆ ಹನಿಯುತ್ತಿರುತ್ತದೆ ಎಂಬುದು ಅದಕ್ಕಿಂತ ಸಣ್ಣ ದೂರು.

ಇನ್ನು ಬಟ್ಟೆಯ ಮಾತು. ಹತ್ತಿಯ ಕ್ಯಾನ್ವಾಸ್ ಮಳೆಯನ್ನು ತಡೆಯುವ ರೀತಿ ಸೊಗಸಾದದ್ದು. ನೀರು ತಾಗಿದೊಡನೆ ನೂಲು ಉಬ್ಬಿ ನೇಯ್ಗೆಯ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹೊಸ ಡೇರೆ ಮೊದಲ ಮಳೆಗೆ ಹೊಲಿಗೆಯ ತೂತುಗಳಲ್ಲಿ ಸ್ವಲ್ಪ ಜಿನುಗುವುದು ಇದೇ ಕಾರಣಕ್ಕೆ, ಆದ್ದರಿಂದ ಬಲ್ಲವರು ಅತಿಥಿಗಳು ಬರುವ ಮುಂಚೆಯೇ ಅದನ್ನು ಒಮ್ಮೆ ಚೆನ್ನಾಗಿ ನೆನೆಸಿ ಒಣಗಿಸಿಡುತ್ತಾರೆ. ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಬೆರಳಲ್ಲಿ ಮುಟ್ಟಿ ನೋಡಿ: ಮುಟ್ಟಿದ ಕಡೆ ಒಂದು ಹನಿ ಮೂಡಿ, ಆಮೇಲೆ ಅಲ್ಲೇ ತೊಟ್ಟಿಕ್ಕತೊಡಗುತ್ತದೆ. ಹಾಗಾದಾಗ ಅದೇ ಬೆರಳನ್ನು ಆ ಹನಿಯಿಂದ ಗೋಡೆಯ ಬುಡದವರೆಗೆ ಎಳೆದರೆ ನೀರು ಆ ಗೆರೆ ಹಿಡಿದು ಕೆಳಗಿಳಿಯುತ್ತದೆ. ನೈಲಾನ್, ಪಾಲಿಯೆಸ್ಟರ್ ಡೇರೆಗಳಲ್ಲಿ ಈ ಕೆಲಸವನ್ನು ಲೇಪನ ಮಾಡುತ್ತದೆ. ಅದರ ಬಲವನ್ನು ಬಟ್ಟೆ ಎಷ್ಟು ಎತ್ತರದ ನೀರಿನ ಕಂಬವನ್ನು ಸೋರದೆ ತಡೆದೀತು ಎಂದು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಮಾಡಿಗೆ 1500 ಮಿಲಿಮೀಟರ್ ಸಾಕೆನ್ನುವುದು ಸಾಮಾನ್ಯ. ಡೇರೆಯ ತಳದ ಬಟ್ಟೆಗೆ ಅದಕ್ಕಿಂತ ಹೆಚ್ಚು ಬೇಕು, ಏಕೆಂದರೆ ಅದರ ಮೇಲೆ ನಮ್ಮ ಮಂಡಿಯ ಭಾರ ಬೀಳುತ್ತದೆ.

ಮಳೆಯೇ ಇಲ್ಲದ ರಾತ್ರಿಯ ನಂತರವೂ ಡೇರೆಯ ಒಳಮೈ ಒದ್ದೆಯಾಗಿರುವುದನ್ನು ಕಂಡು ಬಟ್ಟೆ ಸೋರುತ್ತದೆಂದು ದೂರುವವರಿದ್ದಾರೆ. ಅದು ನಮ್ಮದೇ ನೀರು. ಮಲಗಿದ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ರಾತ್ರಿಯೊಂದರಲ್ಲಿ ಕೆಲವು ನೂರು ಮಿಲಿಲೀಟರಿನಷ್ಟು ತೇವ ಹೊರಬಿದ್ದು, ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿಗೆ ಹೆದರಿ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದಷ್ಟೂ ಇದು ಹೆಚ್ಚುತ್ತದೆ. ಚಳಿಯಾದರೂ ನಾವು ಅಂದುಕೊಂಡ ದಿಕ್ಕಿನಿಂದ ಬರುವುದಿಲ್ಲ. ಅದು ಬರುವುದು ಕೆಳಗಿನಿಂದ. ನಮ್ಮ ಭಾರಕ್ಕೆ ಅಡಿಯ ಹೊದಿಕೆ ಅಮುಕಿಹೋಗಿ, ಅದರಲ್ಲಿದ್ದ ಗಾಳಿ ಹೊರಟು, ಮೈಯ ಶಾಖ ನೇರವಾಗಿ ನೆಲ ಸೇರುತ್ತದೆ. ಆದ್ದರಿಂದ ಎರಡು ಕಂಬಳಿ ಇದ್ದರೆ ಒಂದು ಅಡಿಗೆ ಹಾಸತಕ್ಕದ್ದು. ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ನಮೂದಾಗಿರುವ ಹಲವು ಉಷ್ಣತೆಗಳಲ್ಲಿ ಅತಿ ಕಡಿಮೆಯದನ್ನು ನಂಬಿ ಹೊರಡುವವರು ರಾತ್ರಿಯಿಡೀ ನಡುಗುತ್ತಾರೆ; ನಂಬಬೇಕಾದದ್ದು ಹಿತಮಟ್ಟದ ಅಂಕಿಯನ್ನು, ಉಳಿದವು ಸಹಿಸುವ ಮತ್ತು ಬದುಕುಳಿಯುವ ಲೆಕ್ಕಗಳು.

ಸಜ್ಜುಗೊಳಿಸಿದ ತಾಣಗಳಲ್ಲಿ ಇಂದು ಕಾಣುವ ಆಕಾರಗಳಿಗೆಲ್ಲ ಒಂದೊಂದು ಪೂರ್ವಜನ್ಮವಿದೆ. ಮಂಗೋಲಿಯಾದ ಗೇರ್ ಎಂಬ ದುಂಡು ಮನೆಯನ್ನು ಕಟ್ಟುವ ಕುಶಲತೆಯನ್ನು 2013ರಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಾಲರಿಯ ಗೋಡೆ, ಉಣ್ಣೆಯ ಹೊದಿಕೆ, ನೆತ್ತಿಯಲ್ಲಿ ಬೆಳಕಿಂಡಿ, ಇವು ಅದರ ಲಕ್ಷಣ. ಒಂಟಿ ಕಂಬದ ಶಂಕುವಿನಾಕಾರದ ಡೇರೆಗೆ ಅಮೆರಿಕದ ಸೈನ್ಯಾಧಿಕಾರಿ ಹೆನ್ರಿ ಹಾಪ್ಕಿನ್ಸ್ ಸಿಬ್ಲಿ 1856ರಲ್ಲಿ ಪೇಟೆಂಟ್ ಪಡೆದ. ತ್ರಿಕೋನಗಳನ್ನು ಜೋಡಿಸಿ ಮಾಡಿದ ಗುಮ್ಮಟಕ್ಕೆ ಅಮೆರಿಕದ ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್ ಪೇಟೆಂಟ್ ಪಡೆದದ್ದು 1954ರಲ್ಲಿ. ಈ ಕೊನೆಯದರ ಬಗ್ಗೆ ನನಗೆ ತಕರಾರಿದೆ. ಪಾರದರ್ಶಕ ಪ್ಲಾಸ್ಟಿಕ್ ಹೊದ್ದ ಗುಮ್ಮಟ ಚಿತ್ರದಲ್ಲಿ ಮನೋಹರವಾಗಿ ಕಾಣುತ್ತದೆ, ಬಿಸಿಲೇರಿದ ಮೇಲೆ ಮಾತ್ರ ಸಸಿ ಬೆಳೆಸುವ ಗಾಜಿನ ಮನೆಯಂತೆ ಬೇಯುತ್ತದೆ. ಅದನ್ನು ತಂಪಾಗಿಡಲು ಯಂತ್ರ ಬೇಕು, ಯಂತ್ರ ಗುಂಯ್‌ಗುಡುತ್ತದೆ, ಆ ಸದ್ದಿನಲ್ಲಿ ಹಕ್ಕಿಯ ದನಿ ಕೇಳದು.

ಶೌಚಾಲಯದ ವಿಷಯವನ್ನು ಜಾಹೀರಾತುಗಳು ಮೆಲ್ಲಗೆ ದಾಟಿಸುತ್ತವೆ, ಆದರೆ ಹಳ್ಳಿಗಾಡಿನ ತಾಣವೊಂದರ ಯೋಗ್ಯತೆಯನ್ನು ನಾನು ಅಳೆಯುವುದು ಅಲ್ಲೇ. ಒಳಚರಂಡಿ ಇಲ್ಲದ, ನೀರು ದೂರದಿಂದ ಬರಬೇಕಾದ ಕಡೆ ಕಾಂಪೋಸ್ಟ್ ಶೌಚಾಲಯ ಅತ್ಯಂತ ವಿವೇಕದ ಏರ್ಪಾಡು. ಅಲ್ಲಿ ಒಂದು ಡಬ್ಬಿ ತುಂಬ ಗರಗಸದ ಹೊಟ್ಟು ಇಟ್ಟಿರುತ್ತಾರೆ. ಪ್ರತಿ ಬಾರಿ ಬಳಸಿದ ಮೇಲೆ ಒಂದು ಬೊಗಸೆಯಷ್ಟು ಅದನ್ನು ಉದುರಿಸಬೇಕು. ಹೊಟ್ಟಿನ ಇಂಗಾಲ ಮಲದ ಸಾರಜನಕದೊಡನೆ ಹದವಾಗಿ ಬೆರೆತು, ನಡುನಡುವೆ ಗಾಳಿಯಾಡಿ, ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಮಣ್ಣಾಗಿಸುತ್ತವೆ. ಮೂತ್ರವನ್ನು ಬೇರ್ಪಡಿಸಿದರೆ ವಾಸನೆ ಬಹುಪಾಲು ಇಳಿಯುತ್ತದೆ. ಕಸದ ಬುಟ್ಟಿಯೆಂದು ತಿಳಿದು ಪ್ಲಾಸ್ಟಿಕ್ ಬೆರೆತ ಒರೆಸುವ ಹಾಳೆಗಳನ್ನು ಒಳಗೆ ಹಾಕಿದ ಅತಿಥಿ ಹೊರಟುಹೋಗುತ್ತಾನೆ, ಕೈಗವಸು ತೊಟ್ಟು ಅದನ್ನು ಹೆಕ್ಕುವ ಪಾಡು ಆತಿಥೇಯನದು. ಯಾವ ಏರ್ಪಾಡೂ ಇಲ್ಲದ ಬರಿಯ ಬಯಲಾದರೆ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚುವುದು, ಅದೂ ತೊರೆ, ಬಾವಿಗಳಿಂದ 60 ಮೀಟರಿಗೂ ಆಚೆ, ಎಂಬುದು ಚಾರಣಿಗರು ಒಪ್ಪಿಕೊಂಡು ಬಂದ ನಿಯಮ.

ಬೆಂಕಿಯ ವಿಷಯದಲ್ಲಿ ಸಲುಗೆ ಕೂಡದು. ಕ್ಯಾನ್ವಾಸಿಗೆ ಕಿಡಿ ತಾಗಿದರೆ ತೂತು ಬೀಳುತ್ತದೆ, ನೈಲಾನ್ ಕರಗಿ ಮೈಗೆ ಅಂಟುತ್ತದೆ. ಬ್ರಿಟನ್ನಿನ ಶಿಬಿರತಾಣಗಳಲ್ಲಿ ಡೇರೆಗಳ ನಡುವೆ 6 ಮೀಟರ್ ಅಂತರ ಬಿಡಿಸುವುದು ಇದಕ್ಕೇ. ಅದಕ್ಕಿಂತ ಘೋರವಾದದ್ದು, ಉರಿ ಆರಿದೆಯಲ್ಲ ಎಂದು ಕೆಂಡದ ಒಲೆಯನ್ನು ಬೆಚ್ಚಗಿರಲೆಂದು ಡೇರೆಯೊಳಗೆ ಎಳೆದುಕೊಳ್ಳುವುದು. ಕೆಂಡದಿಂದ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೋನಾಕ್ಸೈಡ್ ಹೊರಡುತ್ತದೆ. ಮಲಗಿದವರು ಕೆಮ್ಮುವುದೂ ಇಲ್ಲ, ಎಚ್ಚರಗೊಳ್ಳುವುದೂ ಇಲ್ಲ. ಹೀಗೆ ಕುಟುಂಬಗಳೇ ಸತ್ತಿವೆ. ಕೊಳವೆಯಿರುವ ಒಲೆಯನ್ನು ಆತಿಥೇಯನೇ ಕೂರಿಸಿದ್ದರೂ, ಆ ಅನಿಲವನ್ನು ಪತ್ತೆಹಚ್ಚಿ ಕಿರುಚುವ ಅಂಗೈಯಗಲದ ಉಪಕರಣ ಒಳಗೆ ಇದೆಯೇ ಎಂದು ಕೇಳುವುದು ಅವಿನಯವಲ್ಲ. ಸೌದೆಯನ್ನು ದೂರದಿಂದ ಹೇರಿಕೊಂಡು ಬರಬಾರದು. ಅಮೆರಿಕದಲ್ಲಿ 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ, ಆ್ಯಶ್ ಮರಗಳನ್ನು ಕೊರೆಯುವ ಪಚ್ಚೆ ಬಣ್ಣದ ದುಂಬಿ ದೂರದೂರಕ್ಕೆ ಹಬ್ಬಲು ಸಾಗಿಸಿದ ಸೌದೆಯೂ ಒಂದು ದಾರಿಯಾಯಿತು.

ಕಾನೂನು ದೇಶದೇಶಕ್ಕೆ ಬೇರೆ. ಸ್ವೀಡನ್ನಿನಲ್ಲಿ ಯಾರು ಬೇಕಾದರೂ ಹೊಣೆಯರಿತು ಪರರ ಭೂಮಿಯಲ್ಲಿ ನಡೆದಾಡಿ ಒಂದು ರಾತ್ರಿ ಡೇರೆ ಹೂಡುವ ಸಾರ್ವಜನಿಕ ಹಕ್ಕಿದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಹಾಗಿಲ್ಲ, ಅಲ್ಲಿ 2023ರಿಂದ ಜಾರಿಯಲ್ಲಿರುವ ನಿಯಮದಂತೆ ಜಮೀನಿನ ಒಡೆಯರು ಭೂಬಳಕೆ ಬದಲಿಸಲು ಬೇಕಾದ ಪೂರ್ಣ ಯೋಜನಾ ಅನುಮತಿಯ ಗೊಡವೆಯಿಲ್ಲದೆ ವರ್ಷಕ್ಕೆ 60 ದಿನ, 50 ಬಿಡಾರಗಳವರೆಗೆ ಇಳಿಸಿಕೊಳ್ಳಬಹುದು, ಆದರೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಶೌಚಾಲಯ ಮತ್ತು ತ್ಯಾಜ್ಯದ ಏರ್ಪಾಡು ಇರಬೇಕು. ಕಾನೂನು ಏನೇ ಇರಲಿ, ಕಾಯ್ದಿರಿಸುವ ಮುನ್ನ ಅತಿಥಿ ಕೇಳಬೇಕಾದದ್ದು ಚಿತ್ರಗಳಲ್ಲಿ ಕಾಣದ ಸಂಗತಿಗಳನ್ನು: ಕತ್ತಲಲ್ಲಿ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ನಲ್ಲಿಯ ನೀರು ಕುಡಿಯಲು ಯೋಗ್ಯವೇ, ಜೋರು ಮಳೆಯಾದರೆ ವಾಹನ ಎಲ್ಲಿಯವರೆಗೆ ಬರುತ್ತದೆ, ಪಕ್ಕದ ಡೇರೆಯವರ ಗೊರಕೆ ಕೇಳಿಸುವಷ್ಟು ಹತ್ತಿರವೇ. ಬಟ್ಟೆಯ ಗೋಡೆ ನೋಟವನ್ನು ಮರೆಮಾಡುತ್ತದೆ, ಮಾತನ್ನು ಮರೆಮಾಡುವುದಿಲ್ಲ. ಡೇರೆಯೊಳಗೆ ದೀಪ ಹಚ್ಚಿ ಬಟ್ಟೆ ಬದಲಿಸುವವರು ನೋಟವೂ ಮರೆಯಾಗದೆಂಬುದನ್ನು ನೆನಪಿಡುವುದೊಳಿತು.

ಹೊರಡುವ ದಿನದ ಕೆಲಸವೊಂದು ಉಳಿದಿದೆ. ಒದ್ದೆ ಡೇರೆಯನ್ನು ಸುತ್ತಿ ಚೀಲಕ್ಕೆ ತುರುಕಿದರೆ ಎರಡು ಮೂರು ದಿನಗಳಲ್ಲೇ ಹತ್ತಿಯ ಮೇಲೆ ಬೂಷ್ಟಿನ ಕರಿ ಚುಕ್ಕೆಗಳು ಏಳುತ್ತವೆ, ಎದ್ದ ಮೇಲೆ ಅವು ಹೋಗುವುದಿಲ್ಲ. ಅನಿವಾರ್ಯವಾಗಿ ಸುತ್ತಿದ್ದರೆ ಮನೆ ಸೇರಿದ ದಿನವೇ ಬಿಚ್ಚಿ ಹರವಬೇಕು. ಡೇರೆ ಎತ್ತಿದ ಜಾಗದಲ್ಲಿ ಬೆಳಕು ಕಾಣದ ಹುಲ್ಲು ಚಪ್ಪಟೆಯಾಗಿ, ಬಿಳಿಚಿ, ಡೇರೆಯ ಆಕಾರವನ್ನೇ ತಳೆದು ಮಲಗಿರುತ್ತದೆ. ಒಂದೆರಡು ರಾತ್ರಿಯದಾದರೆ ಅದು ಬೇಗನೆ ಎದ್ದು ನಿಲ್ಲುತ್ತದೆ. ವಾರಗಟ್ಟಲೆ ಅಲ್ಲೇ ಮುಚ್ಚಿದ್ದರೆ ಬೇರೂ ಕೊಳೆಯುತ್ತದೆ. ಅದಕ್ಕೇ ನೆಲವನ್ನು ಬಲ್ಲ ಆತಿಥೇಯರು ಒಬ್ಬ ಅತಿಥಿ ಹೋಗಿ ಇನ್ನೊಬ್ಬ ಬರುವುದರೊಳಗೆ ಗೂಟಗಳನ್ನು ಕಿತ್ತು, ಡೇರೆಯನ್ನು ಅದರ ಅಗಲದಷ್ಟು ಪಕ್ಕಕ್ಕೆ ಸರಿಸಿ, ಬಿಳಿಚಿದ ಹುಲ್ಲಿನ ಮೇಲೆ ಯಾರೂ ಕಾಲಿಡದಂತೆ ನಾಲ್ಕು ಕೋಲು ನೆಟ್ಟು ದಾರ ಕಟ್ಟುತ್ತಾರೆ.